ಫಿಲೋಮಿನಾ ಚರ್ಚ್ ಬಗ್ಗೆ ನೀವು ಕೇಳಿದ್ರಿ

ಮೈಸೂರಿನ ಫಿಲೋಮಿನಾ ಚರ್ಚ್ ಬಗ್ಗೆ ಈ ಸಲ ತುಂಬಾ ಪ್ರಶ್ನೆ ಬಂದಿವೆ, ಅದಕ್ಕೇ ಈ ವಾರದ ಅಂಕಣ ಪೂರ್ತಿ ಅದಕ್ಕೇ ಇಟ್ಟಿದ್ದೀವಿ. ಒಂದೇ ಥರ ಇದ್ದ ಪ್ರಶ್ನೆಗಳನ್ನ ಒಟ್ಟಿಗೆ ಸೇರಿಸಿದ್ದೀವಿ.

ಪ್ರಶ್ನೆ: ಸಾರ್, ಫಿಲೋಮಿನಾ ಚರ್ಚ್ ಬ್ರಿಟಿಷರು ಕಟ್ಟಿದ್ದು ಅಂತ ಸ್ಕೂಲಲ್ಲಿ ಕೇಳಿದ್ದೆ. ನಮ್ಮಜ್ಜಿ ಮಾತ್ರ ಮಹಾರಾಜ್ರು ಕಟ್ಟಿಸಿದ್ದು ಅಂತಿದ್ರು. ಯಾವುದು ಸರಿ? (ಹುಣಸೂರು)

ನಿಮ್ಮಜ್ಜಿ ಮಾತೇ ನಿಜಕ್ಕೆ ಹತ್ರ ಇದೆ. ಬ್ರಿಟಿಷರಿಗೂ ಈ ಕಟ್ಟಡಕ್ಕೂ ಅಷ್ಟೇನೂ ಸಂಬಂಧ ಇಲ್ಲ. ಇದನ್ನ ನಡೆಸಿದ್ದು ಫ್ರೆಂಚ್ ಗುರುಗಳು, ಅವರ ಹಿಂದೆ ನಿಂತಿದ್ದು ಮೈಸೂರಿನ ಅರಸರು.

ಈಗಿರೋ ಚರ್ಚ್ ಇರೋ ಜಾಗದಲ್ಲೇ ಮುಂಚೆ ಇನ್ನೊಂದು ಚಿಕ್ಕ ಚರ್ಚ್ ಇತ್ತು. ಅದನ್ನ 1843ರಲ್ಲಿ ಕಟ್ಟಿಸಿದ್ದು ಮುಮ್ಮಡಿ ಕೃಷ್ಣರಾಜ ಒಡೆಯರು. ಆ ಇಸವಿ ಸ್ವಲ್ಪ ಗಮನಿಸಿ. 1831ರಲ್ಲೇ ಬ್ರಿಟಿಷರು ಅವರ ಕೈಯಿಂದ ರಾಜ್ಯದ ಆಡಳಿತ ಕಿತ್ಕೊಂಡಿದ್ರು, ಅರಮನೆ ಇತ್ತು, ಮರ್ಯಾದೆ ಇತ್ತು, ಅಧಿಕಾರ ಇರ್ಲಿಲ್ಲ. ಅಂಥಾ ಹೊತ್ತಲ್ಲೂ ಊರಲ್ಲಿದ್ದ ಯೂರೋಪಿನವರಿಗೆ ಪ್ರಾರ್ಥನೆಗೆ ಒಂದು ಜಾಗ ಬೇಕು ಅಂತ ಮಾಡಿಸಿಕೊಟ್ರು. 1933ರಲ್ಲಿ ಹೊಸ ಚರ್ಚಿಗೆ ಪಾಯ ಹಾಕುವಾಗ ಆ ಹಳೇ ಚರ್ಚಿನ ಶಾಸನ ಸಿಕ್ತು. ಬೆಳಕಿನ ಲೋಕವನ್ನೂ ಈ ಭೂಲೋಕವನ್ನೂ ಸಕಲ ಜೀವರಾಶಿಯನ್ನೂ ಸೃಷ್ಟಿಸಿ ಕಾಪಾಡಿ ಆಳುವ ಒಬ್ಬನೇ ದೇವರ ಹೆಸರಲ್ಲಿ, ಲೋಕಕ್ಕೆ ಜ್ಞಾನದ ಬೆಳಕಾದ ಏಸುಕ್ರಿಸ್ತ ಮನುಷ್ಯನಾಗಿ ಬಂದು 1843 ವರ್ಷ ಆದ ಮೇಲೆ ಈ ಚರ್ಚ್ ಕಟ್ಟಿದ್ದು ಅನ್ನೋದು ಅದರ ಸಾರಾಂಶ. ನನಗಂತೂ ಇದು ಗೋಪುರಕ್ಕಿಂತ ದೊಡ್ಡದು ಅನ್ಸುತ್ತೆ, ಬೇರೆಯವರ ದೇವರ ಬಗ್ಗೆ ಇಷ್ಟು ಗೌರವದಿಂದ ಒಂದು ಕಲ್ಲಲ್ಲಿ ಬರೆಸೋಕೆ ಎಂಥಾ ಮನಸ್ಸಿರಬೇಕು.

ಇನ್ನು ಹೊಸ ಚರ್ಚಿನ ಕಥೆ. ನಾಲ್ವಡಿ ಕೃಷ್ಣರಾಜ ಒಡೆಯರ ಹುಜೂರ್ ಸೆಕ್ರೆಟರಿ, ಅಂದ್ರೆ ಮಹಾರಾಜರ ಕಾರ್ಯದರ್ಶಿ ಆಗಿದ್ದವರು ತಂಬೂ ಚೆಟ್ಟಿ, ಅವರು ಕ್ಯಾಥೊಲಿಕ್. ಈ ಮನೆತನದಲ್ಲಿ ಹಿಂದೆ ಟಿ.ಆರ್.ಎ. ತಂಬೂ ಚೆಟ್ಟಿಯವರು ಹಂಗಾಮಿ ದಿವಾನರೂ ಆಗಿದ್ರು, ಅಂದ್ರೆ ಮೈಸೂರು ಸಂಸ್ಥಾನದ ಮೇಲ್ಮಟ್ಟದಲ್ಲಿ ಕ್ರೈಸ್ತರು ಇದ್ದದ್ದು ಹೊಸದೇನಲ್ಲ. 1926ರಲ್ಲಿ ಈ ಸೆಕ್ರೆಟರಿಯವರು ಪೋಪರ ಪ್ರತಿನಿಧಿ ಆಗಿದ್ದ ಪೀಟರ್ ಪಿಸಾನಿಯವರಿಂದ ಸಂತ ಫಿಲೋಮಿನಾರ ಪವಿತ್ರ ಅವಶೇಷ (ಸಂತರ ನೆನಪಿಗೆ ಕಾಪಾಡಿಕೊಂಡು ಬಂದ ತುಣುಕು) ತರಿಸ್ಕೊಂಡ್ರು, ಅದನ್ನ ಫಾದರ್ ಕೊಶೆಯವರಿಗೆ ಒಪ್ಪಿಸಿದ್ರು. ಅವಶೇಷ ಬಂದ ಮೇಲೆ ಅದಕ್ಕೆ ತಕ್ಕ ದೇವಾಲಯ ಬೇಕಲ್ಲ, ಫಾದರ್ ಸೀದಾ ಮಹಾರಾಜರ ಹತ್ರ ನೆರವು ಕೇಳಿದ್ರು. 1933ರ ಅಕ್ಟೋಬರ್ 28ರಂದು ನಾಲ್ವಡಿಯವರೇ ಅಡಿಗಲ್ಲು ಇಟ್ರು. ಈ ಚರ್ಚು ದೈವಕರುಣೆ ಮತ್ತು ಜನರ ಕೃತಜ್ಞತೆ ಅನ್ನೋ ಎರಡು ತಳಪಾಯದ ಮೇಲೆ ಭದ್ರವಾಗಿ ನಿಲ್ಲುತ್ತೆ ಅಂತ ಅವತ್ತು ಅವರು ಹೇಳಿದ್ರು. ನಕ್ಷೆ ಮಾಡಿದ್ದು ಡಾಲಿ ಅನ್ನೋ ಫ್ರೆಂಚ್ ಆರ್ಕಿಟೆಕ್ಟ್.

ಹಾಗಾಗಿ ಅಜ್ಜ ಒಂದು ಕಟ್ಟಿಸಿದ ಜಾಗದಲ್ಲೇ ಮೊಮ್ಮಗ ಇನ್ನೊಂದಕ್ಕೆ ಅಡಿಗಲ್ಲು ಇಟ್ಟಿದ್ದು. ಮುಮ್ಮಡಿಯವರು ದತ್ತು ತಗೊಂಡಿದ್ದು ಚಾಮರಾಜ ಒಡೆಯರನ್ನ, ಚಾಮರಾಜ ಒಡೆಯರ ಮಗನೇ ನಾಲ್ವಡಿ.

ಪ್ರಶ್ನೆ: ಮೈಸೂರಿಗೆ ಫ್ರೆಂಚ್ ಪಾದ್ರಿಗಳು ಹೇಗೆ ಬಂದ್ರು? ನಮ್ಮಲ್ಲಿ ಇದ್ದದ್ದು ಬ್ರಿಟಿಷರಲ್ವಾ? (ಮಂಡ್ಯ)

ಒಳ್ಳೇ ಪ್ರಶ್ನೆ. ಧರ್ಮಪ್ರಚಾರದ ಲೆಕ್ಕನೇ ಬೇರೆ ಇತ್ತು. 17ನೇ ಶತಮಾನದಲ್ಲೇ ಇಟಲಿಯ ಜೆಸ್ವಿಟ್ (ಕ್ಯಾಥೊಲಿಕ್ ಗುರುಗಳ ಒಂದು ಸಂಘದವರು) ಲಿಯೊನಾರ್ಡೊ ಚಿನ್ನಾಮಿ ಶ್ರೀರಂಗಪಟ್ಟಣಕ್ಕೆ ಬಂದು ಮೈಸೂರು ಮಿಷನ್ ಶುರು ಮಾಡಿದ್ರು. 1773ರಲ್ಲಿ ಪೋಪರು ಜೆಸ್ವಿಟ್ ಸಂಘವನ್ನೇ ವಿಸರ್ಜನೆ ಮಾಡಿದ್ರಿಂದ ಅವರ ಕೆಲಸ ಎಲ್ಲಾ ಪ್ಯಾರಿಸ್ ವಿದೇಶಿ ಮಿಷನ್ ಗುರುಗಳ ಕೈಗೆ ಬಂತು, ಪುದುಚೇರಿ ಕಡೆಯಿಂದ. ಅವರಲ್ಲಿ ನಮ್ಮ ಕಡೆ ಹೆಚ್ಚು ಹೆಸರಾದವರು ಅಬ್ಬೆ ದ್ಯುಬುವಾ. 1792ರಲ್ಲಿ ಇಂಡಿಯಾಕ್ಕೆ ಬಂದ್ರು, 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಚೆದುರಿಹೋಗಿದ್ದ ಕ್ರೈಸ್ತ ಕುಟುಂಬಗಳನ್ನ ಒಟ್ಟುಮಾಡೋಕೆ ಮೈಸೂರು ಸೀಮೆಗೆ ಬಂದ್ರು, ವ್ಯವಸಾಯದ ಊರುಗಳನ್ನ ಕಟ್ಟಿದ್ರು, ಸಿಡುಬಿಗೆ ಲಸಿಕೆ ಹಾಕಿಸೋ ಕೆಲಸದಲ್ಲಿ ಓಡಾಡಿದ್ರು, 1823ರಲ್ಲಿ ವಾಪಸ್ ಹೋದ್ರು. ನೀವು ಮಂಡ್ಯದವರಾದ್ರಿಂದ ಹೇಳ್ತೀನಿ, ಗಂಜಾಂನಲ್ಲಿ ಅವರ ಹೆಸರಿನ ಚರ್ಚ್ ಇವತ್ತಿಗೂ ಇದೆ, ನಿಮಗೆ ಹತ್ರ, ಹೋಗಿ ನೋಡ್ಕೊಂಡು ಬನ್ನಿ. ಫಿಲೋಮಿನಾದ ಪಕ್ಕದಲ್ಲಿಟ್ರೆ ತುಂಬಾ ಸಾದಾ ಕಟ್ಟಡ, ಆದರೆ ಫಿಲೋಮಿನಾ ಚರ್ಚಿನ ಬೇರು ಅಲ್ಲಿಂದ ಶುರು.

ಪ್ರಶ್ನೆ: ಇದು ಜರ್ಮನಿಯ ಕೊಲೋನ್ ಚರ್ಚಿನ ಕಾಪಿ ಅಂತಾರೆ ಗೈಡುಗಳು. ಸ್ವಂತದ್ದು ಏನೂ ಇಲ್ವಾ? ಗಾಥಿಕ್ ಅಂದ್ರೆ ಏನು ಅಂತಾನೂ ಸ್ವಲ್ಪ ಬಿಡಿಸಿ ಹೇಳಿ. (ಬೆಂಗಳೂರು, ಆರ್ಕಿಟೆಕ್ಚರ್ ವಿದ್ಯಾರ್ಥಿನಿ)

ಕೊಲೋನ್ ಹೋಲಿಕೆ ನಿಜ, ಅವಳಿ ಗೋಪುರ ನೋಡಿದ್ರೆ ಯಾರಿಗಾದ್ರೂ ಗೊತ್ತಾಗುತ್ತೆ. ನ್ಯೂಯಾರ್ಕಿನ ಸೇಂಟ್ ಪ್ಯಾಟ್ರಿಕ್ ಚರ್ಚಿನ ಗೋಪುರಕ್ಕೂ ಹೋಲಿಸ್ತಾರೆ. ಆದರೆ ಕಾಪಿ ಅನ್ನೋ ಮಾತನ್ನ ನಾನು ಒಪ್ಪಲ್ಲ, ಯಾಕೆ ಅಂತ ಹೇಳ್ತೀನಿ ಕೇಳಮ್ಮ.

ಕೊಲೋನ್ ಚರ್ಚಿನ ಕೆಲಸ ಶುರುವಾಗಿದ್ದು 1248ರಲ್ಲಿ. 16ನೇ ಶತಮಾನದಲ್ಲಿ ಕೆಲಸ ನಿಂತೇಹೋಯ್ತು, ಮುನ್ನೂರು ವರ್ಷ ಹತ್ತಿರತ್ತಿರ ಅರ್ಧಂಬರ್ಧ ಹಾಗೇ ನಿಂತಿತ್ತು. ಮತ್ತೆ ಕೈಹಾಕಿದ್ದು 1842ರಲ್ಲಿ, ಅಂದ್ರೆ ಇಲ್ಲಿ ಮುಮ್ಮಡಿಯವರು ಚಿಕ್ಕ ಚರ್ಚ್ ಕಟ್ಟಿಸೋಕೆ ಒಂದು ವರ್ಷ ಮುಂಚೆ. ಹಳೇ ಕಾಲದ ನಕ್ಷೆ ಸಿಕ್ಕಿತ್ತು, ಅದನ್ನ ಇಟ್ಕೊಂಡು ಗೋಪುರಗಳನ್ನ ಏರಿಸಿ ಮುಗಿಸಿದ್ದು 1880ರಲ್ಲಿ. ನ್ಯೂಯಾರ್ಕಿನ ಗೋಪುರಗಳು ಪೂರ್ತಿಯಾಗಿದ್ದು 1888ರಲ್ಲಿ. ಹಾಗಾದ್ರೆ ನಾವು ಯಾವುದನ್ನ ಸಾವಿರ ವರ್ಷ ಹಳೇ ಮೂಲ ಅಂದ್ಕೊಂಡಿದ್ದೀವೋ ಆ ಗೋಪುರಗಳು ಮೈಸೂರಿನದಕ್ಕಿಂತ ಅರ್ಧ ಶತಮಾನ ದೊಡ್ಡವು, ಅಷ್ಟೇ. ಮಧ್ಯಯುಗದ ಶೈಲಿಯನ್ನ 19ನೇ ಶತಮಾನದಲ್ಲಿ ಮತ್ತೆ ಎತ್ತಿಕೊಂಡ ಅಲೆಗೆ ನಿಯೋ ಗಾಥಿಕ್ ಅಂತಾರೆ, ಈ ಮೂರೂ ಗೋಪುರಗಳು ಅದೇ ಅಲೆಯವು. ಅಣ್ಣತಮ್ಮಂದಿರಿಗೆ ಒಬ್ಬರು ಇನ್ನೊಬ್ಬರ ಕಾಪಿ ಅನ್ನಲ್ಲ ಅಲ್ವಾ. ಅಳತೆಯಲ್ಲೂ ವ್ಯತ್ಯಾಸ ಇದೆ: ಕೊಲೋನ್ 157 ಮೀಟರ್, ನಮ್ಮದು 175 ಅಡಿ, ಅಂದ್ರೆ ಸುಮಾರು 53 ಮೀಟರ್, ಮೂರನೇ ಒಂದು ಭಾಗ.

ಇನ್ನು ಗಾಥಿಕ್ ಬಗ್ಗೆ. ಅದರ ಗುಟ್ಟು ಚೂಪು ಕಮಾನು. ಅರ್ಧ ವೃತ್ತದ ಕಮಾನು ತನ್ನ ಮೇಲಿನ ಭಾರವನ್ನ ಪಕ್ಕಕ್ಕೆ ಜಾಸ್ತಿ ತಳ್ಳುತ್ತೆ, ಅದನ್ನ ತಡೆಯೋಕೆ ಗೋಡೆ ದಪ್ಪ ಬೇಕು, ಗೋಡೆ ದಪ್ಪ ಆದ್ರೆ ಕಿಟಕಿ ಚಿಕ್ಕದಾಗುತ್ತೆ, ಒಳಗೆ ಕತ್ತಲು. ಕಮಾನಿನ ನೆತ್ತಿಯನ್ನ ಚೂಪು ಮಾಡಿದ್ರೆ ಭಾರ ಹೆಚ್ಚುಪಾಲು ಕೆಳಕ್ಕೆ ಇಳಿಯುತ್ತೆ, ಪಕ್ಕದ ತಳ್ಳಾಟ ಕಮ್ಮಿ. ಚಾವಣಿಯ ಭಾರವನ್ನ ಕಲ್ಲಿನ ಪಕ್ಕೆಲುಬುಗಳ ಮೂಲಕ ಕಂಬಗಳಿಗೆ ಇಳಿಸಿ, ಉಳಿದ ತಳ್ಳಾಟಕ್ಕೆ ಹೊರಗಡೆಯಿಂದ ಆನಿಕೆ ಕಂಬ ಕೊಟ್ಟುಬಿಟ್ರೆ ಮಧ್ಯದ ಗೋಡೆಗೆ ಹೊರೋ ಕೆಲಸನೇ ಇರಲ್ಲ. ಆಗ ಗೋಡೆ ಇರಬೇಕಾದ ಕಡೆ ಗಾಜು ಕೂರಿಸಬಹುದು. ಎತ್ತರ, ತೆಳು ಗೋಡೆ, ದೊಡ್ಡ ಬಣ್ಣದ ಕಿಟಕಿ, ಇವೆಲ್ಲಾ ಅಲಂಕಾರಕ್ಕೆ ಮಾಡಿದ್ದು ಅಂತ ಕಾಣುತ್ತೆ, ಆದರೆ ಬಂದಿದ್ದೆಲ್ಲಾ ಆ ಒಂದು ಕಮಾನಿನ ಲೆಕ್ಕದಿಂದ. 1933ರ ಹೊತ್ತಿಗೆ ಇಂಜಿನಿಯರುಗಳಿಗೆ ಬೇರೆ ದಾರಿಗಳೂ ಇದ್ವು ನಿಜ, ಆದರೂ ಪ್ರಾರ್ಥನೆಗೆ ಬಂದವರ ಕಣ್ಣು ತಾನಾಗೇ ಮೇಲಕ್ಕೆ ಹೋಗಬೇಕು ಅನ್ನೋ ಉದ್ದೇಶಕ್ಕೆ ಇದಕ್ಕಿಂತ ಚೆನ್ನಾಗಿ ಕೂರೋ ಶೈಲಿ ಅವರಿಗೆ ಕಾಣಲಿಲ್ಲ.

ನೀವು ಹೋದಾಗ ಮೊದಲು ನೆಲದ ನಕ್ಷೆಯನ್ನ ಮನಸ್ಸಲ್ಲೇ ಬಿಡಿಸ್ಕೊಳ್ಳಿ, ಅದು ಶಿಲುಬೆ ಆಕಾರ. ಉದ್ದನೇ ಕಾಂಡ ಜನ ಕೂರೋ ಹಜಾರ, 800 ಜನ ಕೂರಬಹುದು, ಎರಡೂ ಪಕ್ಕ ತೋಳುಗಳು, ಅವು ಸೇರೋ ಕಡೆ ಬಲಿಪೀಠ ಮತ್ತು ಹಾಡುವವರ ಜಾಗ. ಆಮೇಲೆ ಕಿಟಕಿಗಳು. ಕ್ರಿಸ್ತರ ಜನನ, ಕೊನೆಯ ಭೋಜನ, ಶಿಲುಬೆ ಮರಣ, ಪುನರುತ್ಥಾನ, ಸ್ವರ್ಗಾರೋಹಣ, ಇಷ್ಟೂ ಬಣ್ಣದ ಗಾಜಲ್ಲಿವೆ. ಓದು ಬರದೇ ಇದ್ದವರಿಗೂ ಬೈಬಲ್ ಕಥೆ ಕಣ್ಣಲ್ಲೇ ಸಿಗ್ಲಿ ಅನ್ನೋದು ಈ ಕಲೆಯ ಹಳೇ ಉದ್ದೇಶ. ಗಾಜು ಕರಗಿರುವಾಗಲೇ ಲೋಹದ ಭಸ್ಮ ಸೇರಿಸ್ತಾರೆ, ಕೋಬಾಲ್ಟ್ ಹಾಕಿದ್ರೆ ನೀಲಿ ಬರುತ್ತೆ, ಆ ಬಣ್ಣ ಗಾಜಿನ ಒಳಗೇ ಇರೋದ್ರಿಂದ ಬಿಸಿಲಿಗೆ ಮಾಸಲ್ಲ. ಮುಖ, ಬಟ್ಟೆ ಮಡಿಕೆಗಳನ್ನ ಮೇಲೆ ಬರೆದು ಮತ್ತೆ ಸುಡ್ತಾರೆ, ತುಂಡುಗಳನ್ನ ಸೀಸದ ಪಟ್ಟಿಯಲ್ಲಿ ಸೇರಿಸ್ತಾರೆ. ಬಿಸಿಲು ಚೆನ್ನಾಗಿರೋ ಹೊತ್ತಲ್ಲಿ ಹೋಗಿ, ಮೋಡದ ದಿನ ಅರ್ಧ ಮಜಾನೂ ಸಿಗಲ್ಲ.

ಇನ್ನೊಂದು ಮಾತು. ಅದೇ ಊರಲ್ಲಿ ಅರಮನೆಯನ್ನ ಹೆನ್ರಿ ಇರ್ವಿನ್ ಇಂಡೋ ಸಾರ್ಸೆನಿಕ್, ಅಂದ್ರೆ ಹಿಂದೂ, ಇಸ್ಲಾಮಿ, ಯೂರೋಪಿನ ಶೈಲಿಗಳನ್ನ ಬೆರೆಸಿದ ಶೈಲಿಯಲ್ಲಿ ಕಟ್ಟಿದ್ರು, 1912ರಲ್ಲಿ ಮುಗೀತು. ಲಲಿತ ಮಹಲ್ ನೋಡಿದ್ರೆ ಲಂಡನ್ನಿನ ಸೇಂಟ್ ಪಾಲ್ ಚರ್ಚಿನ ಗುಮ್ಮಟ ನೆನಪಾಗುತ್ತೆ. ಫಿಲೋಮಿನಾ ಗಾಥಿಕ್. ಆ ಕಾಲದ ಮೈಸೂರು ಲೋಕದ ಯಾವ ಶೈಲಿಗೂ ಬಾಗಿಲು ಹಾಕಿರಲಿಲ್ಲ, ನಿಮ್ಮ ಕಾಲೇಜಿನ ಪ್ರಾಜೆಕ್ಟಿಗೆ ಈ ಮೂರನ್ನೂ ಒಟ್ಟಿಗೆ ತಗೊಂಡ್ರೆ ಚೆನ್ನಾಗಿರುತ್ತೆ.

ಪ್ರಶ್ನೆ: ಏಷ್ಯಾದಲ್ಲೇ ಎರಡನೇ ಅತಿ ಎತ್ತರದ ಚರ್ಚ್ ಅಂತ ವಾಟ್ಸಾಪಲ್ಲಿ ಬರ್ತಿರುತ್ತೆ, ನಿಜಾನಾ? (ಚಾಮರಾಜನಗರ)

ಅಲ್ಲ. ಕೇರಳದ ತ್ರಿಶ್ಶೂರಿನ ವ್ಯಾಕುಲಮಾತೆ ಬೆಸಿಲಿಕಾದ ಗೋಪುರವೇ 260 ಅಡಿ. ಚೀನಾದ ಗ್ವಾಂಗ್‌ಝೌ ಊರಿನ ಅವಳಿ ಗೋಪುರದ ಚರ್ಚ್ 58 ಮೀಟರ್ ದಾಟುತ್ತೆ. ತೆಲಂಗಾಣದ ಮೇದಕ್ ಚರ್ಚಿನ ಗೋಪುರ ಕೂಡ 175 ಅಡಿ, ನಮ್ಮದಕ್ಕೆ ಸರಿಸಮ. ಇಂಥಾ ಮೆಸೇಜ್ ಫಾರ್ವರ್ಡ್ ಮಾಡ್ಬೇಡಿ ದಯವಿಟ್ಟು, ಫಿಲೋಮಿನಾ ಚರ್ಚಿಗೆ ಸುಳ್ಳು ನಂಬರಿನ ಅಗತ್ಯ ಇಲ್ಲ.

ಪ್ರಶ್ನೆ: ಸಂತ ಫಿಲೋಮಿನಾರನ್ನ ಸಂತರ ಪಟ್ಟಿಯಿಂದ ತೆಗೆದುಹಾಕಿದ್ದಾರೆ ಅಂತ ಯಾರೋ ಹೇಳಿದ್ರು. ಚಿಕ್ಕಂದಿನಿಂದ ಅಮ್ಮನ ಜೊತೆ ಅಲ್ಲಿ ಮೇಣದಬತ್ತಿ ಹಚ್ಚಿದ್ದೀನಿ, ಮನಸ್ಸಿಗೆ ತುಂಬಾ ಬೇಜಾರಾಯ್ತು. (ಮೈಸೂರು, ಗಾಂಧಿನಗರ)

ಬೇಜಾರು ಮಾಡ್ಕೋಬೇಡಿ, ಪೂರ್ತಿ ವಿಷಯ ಕೇಳಿ. 1802ರ ಮೇ ತಿಂಗಳಲ್ಲಿ ರೋಮಿನ ಪ್ರಿಸಿಲ್ಲಾ ಅನ್ನೋ ನೆಲದಡಿಯ ಹಳೇ ಸಮಾಧಿ ಗುಹೆಗಳಲ್ಲಿ ಒಂದು ಸಮಾಧಿ ಸಿಕ್ತು, ಒಳಗೆ ಹದಿಹರೆಯದ ಹುಡುಗಿಯ ಅಸ್ಥಿ. ಮುಚ್ಚಿದ್ದ ಮೂರು ಹೆಂಚುಗಳ ಮೇಲೆ ಬಾಣ, ಲಂಗರು, ತಾಳೆಗರಿ ಚಿತ್ರ, ಜೊತೆಗೆ ಒಂದು ಹೆಸರು. ಹೆಂಚುಗಳನ್ನ ಹಿಂದೆಮುಂದೆ ಮಾಡಿ ಜೋಡಿಸಿದ್ರೆ ಫಿಲೋಮಿನಾ ನಿನಗೆ ಶಾಂತಿ ಅನ್ನೋ ಅರ್ಥ ಬರ್ತಿತ್ತು. 1805ರಲ್ಲಿ ಅಸ್ಥಿಯನ್ನ ಇಟಲಿಯ ಮುಞ್ಞಾನೊ ಊರಿಗೆ ತಂದ್ರು. 1835ರಲ್ಲಿ ಲಿಯೋನ್ ನಗರದ ಪೊಲೀನ್ ಜರಿಕೊ ಅಲ್ಲಿಗೆ ಹೋಗಿ ದೊಡ್ಡ ಕಾಯಿಲೆಯಿಂದ ಗುಣವಾದ್ರು, ಆರ್ಸ್ ಊರಿನ ಗುರು ಸಂತ ಜಾನ್ ವಿಯಾನಿ ಈಕೆಯ ದೊಡ್ಡ ಭಕ್ತರಾದ್ರು, ಹೀಗೆ ಫ್ರಾನ್ಸ್ ತುಂಬಾ ಈ ಭಕ್ತಿ ಹಬ್ಬಿತು. 1837ರಲ್ಲಿ ಪೋಪ್ 16ನೇ ಗ್ರೆಗರಿ ಹಬ್ಬ ಆಚರಿಸೋಕೆ ಅನುಮತಿ ಕೊಟ್ರು. ನಮ್ಮಲ್ಲಿ ಇದ್ದದ್ದು ಫ್ರೆಂಚ್ ಗುರುಗಳು ಅಂತ ಮೇಲೆ ಹೇಳಿದ್ನಲ್ಲ, ಅವರ ನಾಡಿನ ಭಕ್ತಿ ಇಲ್ಲಿ ಬೇರು ಬಿಟ್ಟಿದ್ದು ಸಹಜ.

20ನೇ ಶತಮಾನದ ಶುರುವಿನಲ್ಲಿ ಪುರಾತತ್ವ ಪಂಡಿತರು ಆ ಹೆಂಚುಗಳು ಬೇರೆ ಹಳೇ ಸಮಾಧಿಯಿಂದ ತಂದು ಮತ್ತೆ ಬಳಸಿದ್ದು ಇರಬೇಕು, ಹಾಗಾದ್ರೆ ಹೆಸರು ಈ ಹುಡುಗಿಯದಲ್ಲ ಅಂತ ವಾದ ಮಾಡಿದ್ರು. ಆಕೆಯ ಜೀವನ ಕಥೆ ಬಂದಿದ್ದು ಕೂಡ ಒಬ್ಬ ಸನ್ಯಾಸಿನಿಯ ದರ್ಶನದಿಂದ, ಹಳೇ ದಾಖಲೆಯಿಂದ ಅಲ್ಲ. ಈ ಕಾರಣಕ್ಕೆ 1961ರಲ್ಲಿ ರೋಮ್ ಆಕೆಯ ಹಬ್ಬವನ್ನ ಪೂಜಾ ಪಂಚಾಂಗಗಳಿಂದ ತೆಗೀರಿ ಅಂತ ಹೇಳ್ತು. ಅಷ್ಟೇ. ಪ್ರಾರ್ಥನೆ ಮಾಡಬೇಡಿ, ಮೇಣದಬತ್ತಿ ಹಚ್ಚಬೇಡಿ ಅಂತ ಯಾರೂ ಹೇಳಿಲ್ಲ. ಚರ್ಚಿನ ಪೂರ್ತಿ ಹೆಸರೂ ಸಂತ ಜೋಸೆಫ್ ಮತ್ತು ಸಂತ ಫಿಲೋಮಿನಾ ಪ್ರಧಾನಾಲಯ, ಇಬ್ಬರ ಹೆಸರೂ ಹಾಗೇ ಇದೆ. ನೆಲಮಾಳಿಗೆಯಲ್ಲಿ ಮಲಗಿರೋ ಸಂತ ಫಿಲೋಮಿನಾರ ಪ್ರತಿಮೆ ಮುಂದೆ ಇವತ್ತೂ ಎಲ್ಲಾ ಜಾತಿ ಧರ್ಮದವರು ನಿಂತು ಬೇಡ್ಕೊಳ್ತಾರೆ. ನಿಮ್ಮಮ್ಮ ಮಾಡಿದ್ದು ಸರಿಯಾಗೇ ಇದೆ.

ಪ್ರಶ್ನೆ: ಇದು ಧರ್ಮಕೇಂದ್ರದ ಚರ್ಚಾ, ಕೆಥೆಡ್ರಲ್ಲಾ? ಕ್ರೈಸ್ತರಲ್ಲದವರು ಪೂಜೆ ಹೊತ್ತಲ್ಲಿ ಹೋಗಬಹುದಾ? (ಕೆ.ಆರ್. ನಗರ)

ಎರಡೂ ಹೌದು. ಸುತ್ತಮುತ್ತಲಿನ ಕ್ಯಾಥೊಲಿಕರಿಗೆ ಅದು ಅವರ ಧರ್ಮಕೇಂದ್ರ, ನಾಮಕರಣ, ಮದುವೆ, ಸಾವಿನ ಪ್ರಾರ್ಥನೆ ಎಲ್ಲಾ ಅಲ್ಲೇ. ಅಡಿಗಲ್ಲು ಇಟ್ಟಾಗ ಮೈಸೂರು ಧರ್ಮಕ್ಷೇತ್ರದ (ಒಬ್ಬ ಬಿಷಪ್ ನೋಡಿಕೊಳ್ಳೋ ಪ್ರದೇಶ) ಬಿಷಪ್ ಪೀಠ ಬೆಂಗಳೂರಲ್ಲಿತ್ತು. 1940ರಲ್ಲಿ ಬೆಂಗಳೂರನ್ನ ಬೇರೆ ಧರ್ಮಕ್ಷೇತ್ರ ಮಾಡಿದ ಮೇಲೆ ಮೈಸೂರಿಗೆ ಸ್ವಂತ ಬಿಷಪ್ ಬಂದ್ರು, ರೆನೆ ಫ್ಯೂಗಾ, ಅವರೂ ಫ್ರೆಂಚರೇ, ಈ ಚರ್ಚು ಅವರ ಪ್ರಧಾನಾಲಯ, ಅಂದ್ರೆ ಕೆಥೆಡ್ರಲ್ ಆಯ್ತು.

ಪೂಜೆ ಹೊತ್ತಲ್ಲಿ ಧಾರಾಳವಾಗಿ ಹೋಗಿ ಹಿಂದಿನ ಬೆಂಚಲ್ಲಿ ಕೂತ್ಕೊಳ್ಳಿ. ಪರಮಪ್ರಸಾದಕ್ಕೆ ಸಾಲು ನಿಂತಾಗ ಮಾತ್ರ ನೀವು ಕೂತಲ್ಲೇ ಇರಿ, ಅದು ದೇವಸ್ಥಾನದ ಪ್ರಸಾದದ ಥರ ಬಂದವರಿಗೆಲ್ಲಾ ಹಂಚೋದಲ್ಲ, ಅವರ ನಂಬಿಕೆಯಲ್ಲಿ ಅದು ಕ್ರಿಸ್ತರ ಶರೀರವೇ. ಫೋನ್ ಜೇಬಲ್ಲಿರ್ಲಿ, ಪಕ್ಕದಲ್ಲಿ ಯಾರೋ ಕಷ್ಟ ಹೇಳ್ಕೊಂಡು ಮಂಡಿಯೂರಿರ್ತಾರೆ. ಸಿಟಿ ಬಸ್ಸಲ್ಲಿ ಬರೋರು ಅಶೋಕ ರಸ್ತೆ ಅಂತ ಕೇಳಿ ಇಳಿದ್ರೆ ಸಾಕು, ಅಲ್ಲಿಂದ ಗೋಪುರ ಕಾಣುತ್ತೆ.