ಆನ್‌ಲೈನ್ ರೋಲ್ ಪ್ಲೇಯಿಂಗ್ ಗೇಮ್ ಒಬ್ಬರೇ ಆಡಿದರೆ ಮಜಾ ಇರುತ್ತಾ? ಒಳ್ಳೆಯ ಕಥೆಯ ಜೊತೆಗಾರರು ಯಾವುದರಲ್ಲಿ ಸಿಗುತ್ತಾರೆ?

ಖಂಡಿತ ಇರುತ್ತದೆ. ನಾನು ನಾಪೋಕ್ಲು ಹತ್ತಿರದ ತೋಟದ ಮನೆಯಲ್ಲಿ ಕೂತು ವರ್ಷಗಳಿಂದ ಹಾಗೇ ಆಡುತ್ತಿದ್ದೇನೆ. "ಒಬ್ಬರೇ ಆಡುವುದಾದರೆ ಆನ್‌ಲೈನ್ ಗೇಮ್ ಯಾಕೆ" ಅಂತ ಸ್ನೇಹಿತರು ಕೇಳುತ್ತಾರೆ. ಸಂತೆಗೆ ನಾವು ಒಬ್ಬರೇ ಹೋಗುವುದಿಲ್ವಾ? ಯಾರ ಜೊತೆಗೂ ಮಾತಾಡದೆ ಬಂದರೂ ಸಂತೆಗೆ ಹೋಗಿ ಬಂದ ಖುಷಿ ಇರುತ್ತದೆ. ಇದೂ ಹಾಗೇ. ಸುತ್ತ ಜನ ಓಡಾಡುತ್ತಿರುತ್ತಾರೆ, ಕಥೆ ಮಾತ್ರ ನಮ್ಮದು.

ಮೊದಲು ನಾನೂ ಗುಂಪಿನಲ್ಲೇ ಆಡುತ್ತಿದ್ದೆ. ಹೀಲರ್ ಆಗಿದ್ದೆ, ಅಂದರೆ ಗಾಯಗೊಂಡ ಜೊತೆಯವರನ್ನು ಗುಣಪಡಿಸುವ ಕೆಲಸ. ಒಂದು ಜನವರಿ ಸಂಜೆ ಮೂವರು ಅಪರಿಚಿತರ ಜೊತೆ ಡಂಜನ್ (ಗುಂಪಾಗಿ ಹೋರಾಡಿ ದಾಟಬೇಕಾದ ಜಾಗ) ಒಳಗಿದ್ದಾಗ ಮೋಡ ಕವಿಯಿತು. ಕಣದಲ್ಲಿ ಕಾಫಿ ಹರವಿತ್ತು. ಅಮ್ಮ ಕೂಗಿದರು. ಎದ್ದು ಓಡಿದೆ. ಕಾಫಿ ರಾಶಿ ಮಾಡಿ, ಟಾರ್ಪಲ್ ಹೊದಿಸಿ, ಕಲ್ಲು ಇಟ್ಟು ಬರುವಷ್ಟರಲ್ಲಿ ಇಪ್ಪತ್ತು ನಿಮಿಷ ಆಗಿತ್ತು. ನನ್ನನ್ನು ಗುಂಪಿನಿಂದ ತೆಗೆದಿದ್ದರು. ಕೋಪ ಬರಲಿಲ್ಲ. ನನ್ನಿಂದ ಅವರ ಸಂಜೆ ಹಾಳಾಯಿತಲ್ಲ ಅಂತ ಬೇಜಾರಾಯಿತು. ಜೂನ್‌ನಿಂದ ಆಗಸ್ಟ್‌ವರೆಗೆ ನಮ್ಮಲ್ಲಿ ಮರ ಬಿದ್ದು ಕರೆಂಟ್ ಹೋದರೆ ಯಾವಾಗ ಬರುತ್ತದೋ ಹೇಳಲಾಗದು. ಇಂಥ ಊರಲ್ಲಿದ್ದುಕೊಂಡು ಮೂವರಿಗೆ ಮಾತು ಕೊಡುವುದು ನನಗೆ ಸರಿ ಕಾಣಲಿಲ್ಲ.

ಆಮೇಲೆ ಹಿಡಿದದ್ದು 'ಸ್ಟಾರ್ ವಾರ್ಸ್: ದಿ ಓಲ್ಡ್ ರಿಪಬ್ಲಿಕ್'. 2011ರ ಡಿಸೆಂಬರ್‌ನಲ್ಲಿ ಬಂದ ಗೇಮ್. ಚಿತ್ರಗಳು ಹಳತಾಗಿವೆ ನಿಜ, ಆದರೆ ನನ್ನ ಮೊದಲ ಆಯ್ಕೆ ಈಗಲೂ ಇದೇ. ಶುರುವಿನಲ್ಲಿ ಎಂಟು ಕ್ಲಾಸ್ (ನಾವು ಆರಿಸುವ ಪಾತ್ರದ ಬಗೆ), ಎಂಟಕ್ಕೂ ಬೇರೆ ಬೇರೆ ಕಥೆ. ಪ್ರತಿ ಕಥೆಯಲ್ಲೂ ಗೇಮೇ ನಡೆಸುವ ಐವರು ಜೊತೆಗಾರರು.

ನಾನು ಇಂಪೀರಿಯಲ್ ಏಜೆಂಟ್, ಅಂದರೆ ಗೂಢಚಾರಿ ಆಗಿ ಆಡಿದೆ. ಮೊದಲು ಸಿಗುವವಳು ಕಾಲಿಯೋ. ಯಾರ ಅಧಿಕಾರಕ್ಕೂ ಬಗ್ಗದವಳು, ಹೊಡೆದಾಟ ಅಂದರೆ ಅವಳಿಗೆ ಹಬ್ಬ. ಆಮೇಲೆ ವೆಕ್ಟರ್ ಬರುತ್ತಾನೆ. ಅವನು ರಾಯಭಾರಿಯಾಗಿ ಹೋಗಿ ಕಿಲಿಕ್ ಎಂಬ ಕೀಟಗಳ ಗೂಡಿನೊಂದಿಗೆ ಮನಸ್ಸು ಬೆಸೆದುಕೊಂಡವನು. ಅದಕ್ಕೇ "ನಾನು" ಅನ್ನುವುದಿಲ್ಲ, "ನಾವು" ಅನ್ನುತ್ತಾನೆ. ಮನೆಯಲ್ಲಿ ಜೇನುಪೆಟ್ಟಿಗೆ ನೋಡಿಕೊಂಡು ಬೆಳೆದ ನನಗೆ ಆ ಒಂದು ಪದ ಎಷ್ಟು ಹಿಡಿಸಿತು ಅಂತ ಹೇಳಲಾರೆ. ಕಾಲಿಯೋ ಮೆಚ್ಚುವ ಕ್ರೌರ್ಯ ವೆಕ್ಟರ್‌ಗೆ ಆಗುವುದಿಲ್ಲ. ಹಾಗಾಗಿ ಮಾತುಕತೆಯಲ್ಲಿ ನನ್ನ ಉತ್ತರ ಆರಿಸುವ ಮುಂಚೆ ಪಕ್ಕದಲ್ಲಿ ಯಾರು ನಿಂತಿದ್ದಾರೆ ಅಂತ ನೋಡಲು ಶುರು ಮಾಡಿದೆ. ನನ್ನ ಲೆಕ್ಕದಲ್ಲಿ ಜೊತೆಗಾರ ಅಂದರೆ ಅದೇ. ನನ್ನ ಕೆಲಸದ ಬಗ್ಗೆ ಅವನಿಗೆ ಒಂದು ಅಭಿಪ್ರಾಯ ಇರಬೇಕು. ಹೊಡೆದಾಟದಲ್ಲಿ ಎಷ್ಟು ಗಟ್ಟಿ ಅನ್ನುವುದು ಆಮೇಲಿನ ಮಾತು.

ಮೊದಲೆಲ್ಲ ಗಟ್ಟಿತನವನ್ನೂ ನೋಡಲೇಬೇಕಿತ್ತು. ಒಬ್ಬೊಬ್ಬರಿಗೆ ಒಂದೊಂದೇ ಕೆಲಸ, ಹೀಲ್ ಮಾಡುವವರು ಬೇಕಾದರೆ ಮನಸ್ಸಿಗೆ ಹಿಡಿಸದಿದ್ದರೂ ಅವರನ್ನೇ ಕರೆದೊಯ್ಯಬೇಕು. 2015ರ ಅಕ್ಟೋಬರ್‌ನಲ್ಲಿ ಇದನ್ನು ಬದಲಿಸಿದರು. ಈಗ ಯಾವ ಜೊತೆಗಾರನಾದರೂ ಟ್ಯಾಂಕ್ (ಏಟು ತಡೆಯುವುದು), ಹೀಲರ್, ಡ್ಯಾಮೇಜ್ (ಏಟು ಕೊಡುವುದು) ಮೂರರಲ್ಲಿ ಯಾವುದನ್ನಾದರೂ ಮಾಡುತ್ತಾನೆ. ಆಟ ಸಲೀಸಾಯಿತು ಅಂತ ಬೈಯುವವರಿದ್ದಾರೆ. ನನಗೆ ಮಾತ್ರ ಇಷ್ಟವಾದವರ ಜೊತೆ ಇಡೀ ಕಥೆ ನಡೆಯುವ ಅವಕಾಶ ಸಿಕ್ಕಿತು. 8 ಅಥವಾ 16 ಜನರ ಆಪರೇಷನ್ ಎಂಬ ದೊಡ್ಡ ಹೋರಾಟಗಳಿಗೆ ಈಗಲೂ ಮನುಷ್ಯರೇ ಬೇಕು. ಅದನ್ನು ಬಿಟ್ಟರೂ ಕ್ಲಾಸ್ ಕಥೆಗೆ ಕೊರತೆ ಆಗುವುದಿಲ್ಲ.

'ಫೈನಲ್ ಫ್ಯಾಂಟಸಿ 14' ಬೇರೆ ದಾರಿ ಹಿಡಿದಿದೆ. 2019ರಲ್ಲಿ ಟ್ರಸ್ಟ್ ಅಂತ ತಂದರು, 2022ರಲ್ಲಿ ಡ್ಯೂಟಿ ಸಪೋರ್ಟ್. ಕಥೆಯಲ್ಲಿ ಬರುವ ಅಲ್ಫಿನೋ, ಅಲಿಸೇ ಇವರೇ ನಿಮ್ಮ ಜೊತೆ ನಾಲ್ಕು ಜನರ ಡಂಜನ್‌ಗೆ ಬರುತ್ತಾರೆ. ಮುಖ್ಯ ಕಥೆಯ 8 ಜನರ ಟ್ರಯಲ್ ಎಂಬ ದೊಡ್ಡ ಹೋರಾಟಗಳಿಗೆ, 24 ಜನರ ಕ್ರಿಸ್ಟಲ್ ಟವರ್‌ಗೆ ಬೇರೆ ಆಟಗಾರರು ಬೇಕು. ಲೆವೆಲ್ 70ರವರೆಗೆ ಉಚಿತ, ದಿನಗಳ ಮಿತಿಯೂ ಇಲ್ಲ. ಅಷ್ಟರಲ್ಲೇ ತಿಂಗಳುಗಟ್ಟಲೆ ಆಡುವಷ್ಟು ಕಥೆ ಇದೆ.

'ಎಲ್ಡರ್ ಸ್ಕ್ರೋಲ್ಸ್ ಆನ್‌ಲೈನ್' 2021ರಲ್ಲಿ ಬಾಸ್ಟಿಯನ್, ಮಿರ್ರಿ ಎಂಬ ಇಬ್ಬರು ಜೊತೆಗಾರರನ್ನು ಕೊಟ್ಟಿತು. ಚಿಟ್ಟೆ ಹಿಡಿದರೆ ಮಿರ್ರಿಗೆ ಬೇಸರ. ಅವಳು ಜೊತೆಗಿದ್ದಾಗ ನಾನು ಚಿಟ್ಟೆ ಮುಟ್ಟುವುದಿಲ್ಲ.

ನಿಮ್ಮದೂ ನಮ್ಮಂಥ ನೆಟ್‌ವರ್ಕ್ ಆದರೆ ಡೌನ್‌ಲೋಡ್‌ಗೆ ಪೇಟೆಯ ಫೈಬರ್ ಹಿಡಿಯಿರಿ. ನಾನು ಲ್ಯಾಪ್‌ಟಾಪ್ ಹೊತ್ತುಕೊಂಡು ಮಡಿಕೇರಿಯ ನೆಂಟರ ಮನೆಗೆ ಹೋಗಿದ್ದೆ. ಆಡುವಾಗ ಪಿಂಗ್ (ಸರ್ವರ್‌ನಿಂದ ಉತ್ತರ ಬರಲು ಆಗುವ ತಡ) ಜಾಸ್ತಿ ಇದ್ದರೂ ಕಥೆಗೆ ತೊಂದರೆ ಇಲ್ಲ.

'ದಿ ಓಲ್ಡ್ ರಿಪಬ್ಲಿಕ್'ನಲ್ಲಿ ಏಜೆಂಟ್‌ನಿಂದ ಶುರು ಮಾಡಿ. ಮಾತುಕತೆಯನ್ನು ಸ್ಪೇಸ್‌ಬಾರ್ ಒತ್ತಿ ಹಾರಿಸಬೇಡಿ. ಒಂದು ಗ್ರಹದ ಕೆಲಸ ಮುಗಿದ ಮೇಲೆ ಸುಮ್ನೆ ಒಮ್ಮೆ ನಿಮ್ಮ ಹಡಗಿಗೆ ಹೋಗಿ ನೋಡಿ, ಯಾರಾದರೂ ನಿಮ್ಮ ಹತ್ತಿರ ಏನೋ ಹೇಳಲು ಕಾದಿರುತ್ತಾರೆ.