ಹೊಸ ಸ್ಟಿಕ್ ಕೊಳ್ಳುವ ಮುಂಚೆ ಹಳೆಯದರ ಅಡಾಪ್ಟರ್ ನೋಡಿ

ಟಿವಿಗೆ ಸಿಕ್ಕಿಸುವ ಸ್ಟ್ರೀಮಿಂಗ್ ಸ್ಟಿಕ್ ಮತ್ತು ಬಾಕ್ಸ್‌ಗಳ ಬಗ್ಗೆ ಈ ಸಲ ಪತ್ರಗಳು ರಾಶಿ ಬಂದಿವೆ. ಅರ್ಧಕ್ಕರ್ಧ ಪತ್ರಗಳ ಕೊನೆಯ ಸಾಲು ಒಂದೇ: ‘ಹೊಸದು ತಗೊಳ್ಳಲಾ?’ ಬಹಳ ಜನಕ್ಕೆ ನನ್ನ ಉತ್ತರ, ಬೇಡ. ಯಾಕೆ ಅಂತ ಒಂದೊಂದಾಗಿ ನೋಡೋಣ.

ಸಿನಿಮಾ ಮಧ್ಯದಲ್ಲಿ ಸ್ಟಿಕ್ ತಾನಾಗೇ ಆಫ್ ಆಗಿ, ಮತ್ತೆ ಲೋಗೋ ತೋರಿಸಿ ಮೊದಲಿಂದ ಶುರುವಾಗುತ್ತದೆ. ವೈರ್ ನೇತಾಡಬಾರದು ಎಂದು ಟಿವಿಯ ಯುಎಸ್‌ಬಿ ಪೋರ್ಟಿಗೇ ಸಿಕ್ಕಿಸಿದ್ದೇವೆ. ಅಂಗಡಿಯವರು ‘ಸ್ಟಿಕ್ ಹೋಗಿದೆ’ ಎಂದರು. — ಓದುಗರೊಬ್ಬರು, ಸಾಗರ

ಸ್ಟಿಕ್ ಹೋಗಿಲ್ಲ, ಅದಕ್ಕೆ ಕರೆಂಟ್ ಸಾಲುತ್ತಿಲ್ಲ. ಟಿವಿಯ ಹಿಂದೆ ಇರುವ ಯುಎಸ್‌ಬಿ 2.0 ಪೋರ್ಟ್ ಪೆನ್‌ಡ್ರೈವ್ ಹಾಕಿ ಫೋಟೋ ನೋಡಲಿಕ್ಕೆ ಇಟ್ಟದ್ದು, ಲೆಕ್ಕದ ಪ್ರಕಾರ ಅದು ಕೊಡುವುದು ಅರ್ಧ ಆಂಪಿಯರ್ ಮಾತ್ರ. ಸಾಮಾನ್ಯ ಸ್ಟಿಕ್ ಜೊತೆ ಬರುವ ಅಡಾಪ್ಟರ್ ಮೇಲೆ ಸಣ್ಣ ಅಕ್ಷರ ಓದಿ, 5 ವೋಲ್ಟ್ 1 ಆಂಪಿಯರ್ ಎಂದಿರುತ್ತದೆ. 4ಕೆ ಸ್ಟಿಕ್ ಆದರೆ ಇನ್ನೂ ಜಾಸ್ತಿ. ಮೆನು ನೋಡುವಾಗ ಹೇಗೋ ನಡೆಯುತ್ತದೆ, ವಿಡಿಯೊ ಶುರುವಾಗಿ ವೈಫೈ ಮತ್ತು ಪ್ರೊಸೆಸರ್ ಎರಡೂ ದುಡಿಯತೊಡಗಿದ ತಕ್ಷಣ ವೋಲ್ಟೇಜ್ ಕುಸಿದು ಸ್ಟಿಕ್ ರೀಸ್ಟಾರ್ಟ್ ಆಗುತ್ತದೆ. ಪೆಟ್ಟಿಗೆಯಲ್ಲಿ ಬಂದ ಅಡಾಪ್ಟರನ್ನೇ ಗೋಡೆಯ ಪ್ಲಗ್ಗಿಗೆ ಹಾಕಿ, ಪೆಟ್ಟಿಗೆಯಲ್ಲಿ ಬಂದ ಕೇಬಲ್ಲನ್ನೇ ಬಳಸಿ. ಡ್ರಾಯರಿನಲ್ಲಿ ಬಿದ್ದಿರುವ ಯಾವುದೋ ಹಳೆ ಫೋನಿನ ಸಪೂರ ಕೇಬಲ್ ಹಾಕಿದರೂ ಇದೇ ತೊಂದರೆ ಬರುತ್ತದೆ.

ಇನ್ನೊಂದು ಮಾತು. ಮಲೆನಾಡಿನ ಮಳೆಗಾಲದಲ್ಲಿ ಕರೆಂಟ್ ಹೋಗಿ ಬರುವುದು ಇದ್ದದ್ದೇ. ಬಂದ ಕೂಡಲೇ ‘ವೈಫೈ ಸಿಗುತ್ತಿಲ್ಲ’ ಎಂದು ಪಾಸ್‌ವರ್ಡ್ ಅಳಿಸಿ ಹೊಸದಾಗಿ ಹಾಕಲು ಹೋಗಬೇಡಿ. ರೂಟರ್ ಎದ್ದು ಲೈನ್ ಹಿಡಿಯಲು ಸ್ಟಿಕ್‌ಗಿಂತ ಜಾಸ್ತಿ ಹೊತ್ತು ತೆಗೆದುಕೊಳ್ಳುತ್ತದೆ. ಸ್ವಲ್ಪ ಕಾದರೆ ತಾನೇ ಕೂಡಿಕೊಳ್ಳುತ್ತದೆ.

ನೂರು ಎಂಬಿಪಿಎಸ್ ಪ್ಲಾನ್ ಇದೆ, ಆದರೂ ರಾತ್ರಿ ಸಿನಿಮಾ ನಿಂತು ನಿಂತು ಬರುತ್ತದೆ, ಉಂಡೆ ಸುತ್ತುತ್ತಲೇ ಇರುತ್ತದೆ. ಒಮ್ಮೊಮ್ಮೆ ಮೆನು ಕೂಡ ತುಂಬಾ ನಿಧಾನ. 200 ಎಂಬಿಪಿಎಸ್‌ಗೆ ಹೋಗಬೇಕಾ? ನಮ್ಮದು ಕೆಂಪುಕಲ್ಲಿನ ಹಳೇ ಮನೆ, ರೂಟರ್ ಮುಂದಿನ ಚಾವಡಿಯಲ್ಲಿ, ಟಿವಿ ಒಳಗಿನ ಕೋಣೆಯಲ್ಲಿ. — ಓದುಗರೊಬ್ಬರು, ಪುತ್ತೂರು

ನಿಮ್ಮ ಪತ್ರದಲ್ಲಿ ಎರಡು ಬೇರೆ ಬೇರೆ ಕಾಯಿಲೆಗಳಿವೆ. ಉಂಡೆ ಸುತ್ತುವುದು ನೆಟ್‌ನ ತೊಂದರೆ. ಮೆನು ನಿಧಾನ ಆಗುವುದು ಹೆಚ್ಚಾಗಿ ಸ್ಟಿಕ್‌ನೊಳಗಿನ ಜಾಗದ ತೊಂದರೆ. ಒಂದರ ಮದ್ದು ಇನ್ನೊಂದಕ್ಕೆ ನಾಟುವುದಿಲ್ಲ.

ಮೊದಲು ನೆಟ್ ನೋಡೋಣ. ನೆಟ್‌ಫ್ಲಿಕ್ಸ್ ಕೇಳುವುದು ಫುಲ್ ಎಚ್‌ಡಿಗೆ 5 ಎಂಬಿಪಿಎಸ್, 4ಕೆಗೆ 15 ಎಂಬಿಪಿಎಸ್. ನಿಮ್ಮ ನೂರರಲ್ಲಿ ಇದು ಎಷ್ಟೋ ಪಾಲು ಕಡಿಮೆ. ಅಂದ ಮೇಲೆ ಕೊರತೆ ಪ್ಲಾನಿನಲ್ಲಿಲ್ಲ, ಚಾವಡಿಯಿಂದ ಒಳಕೋಣೆಗೆ ಬರುವ ದಾರಿಯಲ್ಲಿದೆ. ಫೋನ್ ಹಿಡಿದು ರೂಟರ್ ಪಕ್ಕ ನಿಂತು ಸ್ಪೀಡ್ ಟೆಸ್ಟ್ ಮಾಡಿದರೆ ನೂರು ತೋರಿಸುತ್ತದೆ, ಅದರಿಂದ ಏನೂ ತಿಳಿಯುವುದಿಲ್ಲ. ಪರೀಕ್ಷೆ ಸ್ಟಿಕ್‌ನಲ್ಲೇ ಆಗಬೇಕು, ಅದೂ ನಿಮಗೆ ತೊಂದರೆ ಬರುವ ರಾತ್ರಿ ಹೊತ್ತಿನಲ್ಲಿ. ಅಮೆಜಾನ್‌ನ ಫೈರ್ ಟಿವಿ ಸ್ಟಿಕ್ ಆದರೆ ಸೆಟ್ಟಿಂಗ್ಸ್, ಅದರೊಳಗೆ ನೆಟ್‌ವರ್ಕ್‌ಗೆ ಹೋಗಿ, ನಿಮ್ಮ ವೈಫೈ ಹೆಸರಿನ ಮೇಲೆ ಬಂದು ಪ್ಲೇ-ಪಾಸ್ ಬಟನ್ ಒತ್ತಿ. ಸಿಗ್ನಲ್ ಎಷ್ಟು ಗಟ್ಟಿ ಇದೆ ಎಂದು ಹೇಳುತ್ತದೆ, ಸ್ಪೀಡ್ ಟೆಸ್ಟ್ ಕೂಡ ಅಲ್ಲೇ ಇದೆ.

ಈಗ ರೂಟರ್ ಸಾಮಾನ್ಯವಾಗಿ ಎರಡು ಬ್ಯಾಂಡ್ ಕೊಡುತ್ತದೆ, 2.4 ಗಿಗಾಹರ್ಟ್ಸ್ ಮತ್ತು 5 ಗಿಗಾಹರ್ಟ್ಸ್. ಎಲ್ಲರೂ ‘5ಕ್ಕೆ ಹಾಕಿ, ಅದೇ ಫಾಸ್ಟ್’ ಎನ್ನುತ್ತಾರೆ. ರೂಟರ್ ಮತ್ತು ಟಿವಿ ಒಂದೇ ಕೋಣೆಯಲ್ಲಿದ್ದರೆ ಆ ಮಾತು ನಿಜ. ಆದರೆ 5 ಗಿಗಾಹರ್ಟ್ಸ್ ಅಲೆ ಗೋಡೆ ದಾಟುವಾಗ ಬೇಗ ಸೋಲುತ್ತದೆ, ಅಷ್ಟು ದಪ್ಪದ ಕೆಂಪುಕಲ್ಲಿನ ಗೋಡೆ ಎರಡು ಅಡ್ಡ ಇದ್ದರಂತೂ ಕೇಳಲೇಬೇಡಿ. ನಿಮ್ಮಂಥ ಮನೆಗೆ 2.4ನ್ನೇ ಮೊದಲು ಹಾಕಿ ನೋಡಿ. ಬೆಂಗಳೂರಿನ ಅಪಾರ್ಟ್‌ಮೆಂಟಿನವರಿಗೆ ನಾನು ಇದಕ್ಕೆ ಉಲ್ಟಾ ಹೇಳುತ್ತೇನೆ, ಯಾಕೆಂದರೆ ಅಲ್ಲಿ ಅಕ್ಕಪಕ್ಕದ ಹತ್ತಾರು ಮನೆಗಳ ವೈಫೈ 2.4ರಲ್ಲೇ ತುಂಬಿಕೊಂಡಿರುತ್ತದೆ.

ಸ್ಟಿಕ್ ಜೊತೆ ಒಂದು ಗಿಡ್ಡ ಎಚ್‌ಡಿಎಂಐ ತುಂಡು ಬಂದಿತ್ತಾ? ತುಂಬಾ ಜನ ಅದನ್ನು ಪೆಟ್ಟಿಗೆಯಲ್ಲೇ ಬಿಟ್ಟುಬಿಡುತ್ತಾರೆ. ಅದು ಸುಮ್ನೆ ಕೊಟ್ಟದ್ದಲ್ಲ. ಸ್ಟಿಕ್‌ನ ಆಂಟೆನಾ ಅದರ ಒಳಗೇ ಇದೆ, ಟಿವಿಯ ಬೆನ್ನಿಗೆ ಅಂಟಿಕೊಂಡರೆ ಟಿವಿಯೊಳಗಿನ ಲೋಹದ ತಗಡು ಸಿಗ್ನಲ್ಲಿಗೆ ಅಡ್ಡ ಬರುತ್ತದೆ. ಆ ತುಂಡು ಹಾಕಿ ಸ್ಟಿಕ್ಕನ್ನು ಟಿವಿಯ ಅಂಚಿನಾಚೆ ಇಳಿಬಿಟ್ಟರೆ ಎಷ್ಟೋ ಮನೆಗಳಲ್ಲಿ ಅಷ್ಟಕ್ಕೇ ಸರಿಹೋಗುತ್ತದೆ. ಇಷ್ಟೂ ಮಾಡಿ ಆಗಲಿಲ್ಲ ಅಂದರೆ, ಪ್ಲಾನಿಗೆ ತಿಂಗಳು ತಿಂಗಳು ಹೆಚ್ಚು ದುಡ್ಡು ಕೊಡುವ ಬದಲು ಒಂದೇ ಸಲ ಒಳಕೋಣೆಗೆ ಲ್ಯಾನ್ ಕೇಬಲ್ ಎಳೆಸಿ, ಸ್ಟಿಕ್‌ಗೆ ಈಥರ್‌ನೆಟ್ ಅಡಾಪ್ಟರ್ ಹಾಕಿ. ನೂರು ಎಂಬಿಪಿಎಸ್ ಮಿತಿಯ ಅಡಾಪ್ಟರ್ ಆದರೂ 4ಕೆಗೆ ಧಾರಾಳ. ನನ್ನನ್ನು ಕೇಳಿದರೆ ಹಳೇ ದಪ್ಪ ಗೋಡೆಯ ಮನೆಗೆ ಇದಕ್ಕಿಂತ ಒಳ್ಳೆಯ ಖರ್ಚು ಬೇರೆ ಇಲ್ಲ.

ಇನ್ನು ಮೆನು ನಿಧಾನ. 8 ಜಿಬಿ ಎಂದು ಬರೆದ ಸ್ಟಿಕ್‌ನಲ್ಲಿ ನಿಮಗೆ ಸಿಗುವುದು ಪೂರ್ತಿ 8 ಅಲ್ಲ, ದೊಡ್ಡ ಪಾಲು ಅದರ ಸಿಸ್ಟಮ್ಮಿಗೇ ಹೋಗಿರುತ್ತದೆ. ನೋಡದ ಆಪ್ ತೆಗೆಯಿರಿ. ದಿನಾ ನೋಡುವ ಆಪ್‌ಗೆ ‘ಕ್ಲಿಯರ್ ಕ್ಯಾಶ್’ ಕೊಡಿ, ಅಂದರೆ ಅದು ಕೂಡಿಟ್ಟ ತಾತ್ಕಾಲಿಕ ಫೈಲುಗಳನ್ನು ಅಳಿಸಿ. ಅದರ ಹತ್ತಿರವೇ ‘ಕ್ಲಿಯರ್ ಡೇಟಾ’ ಎಂದಿರುತ್ತದೆ, ಅದನ್ನು ಒತ್ತಿದರೆ ಲಾಗಿನ್ ಹೋಗಿ ಮತ್ತೆ ಒಟಿಪಿ, ಪಾಸ್‌ವರ್ಡ್ ಎಲ್ಲ ಹಾಕಬೇಕಾಗುತ್ತದೆ, ಹುಷಾರು. ಹೋಮ್ ಪರದೆಯಲ್ಲಿ ತಾನಾಗೇ ಓಡುವ ಜಾಹೀರಾತು ವಿಡಿಯೊಗಳನ್ನೂ ನಿಲ್ಲಿಸಿ: ಫೈರ್ ಟಿವಿಯ ಸೆಟ್ಟಿಂಗ್ಸ್‌ನಲ್ಲಿ ಪ್ರಿಫರೆನ್ಸಸ್, ಅದರೊಳಗೆ ಫೀಚರ್ಡ್ ಕಂಟೆಂಟ್, ಅಲ್ಲಿ ವಿಡಿಯೊ ಮತ್ತು ಆಡಿಯೊ ಆಟೊಪ್ಲೇ ಎರಡೂ ಆಫ್. ಕೊನೆಗೆ ರಿಮೋಟಿನ ನಡುವಿನ ಬಟನ್ ಮತ್ತು ಪ್ಲೇ-ಪಾಸ್ ಬಟನ್ ಒಟ್ಟಿಗೆ ಐದು ಸೆಕೆಂಡ್ ಒತ್ತಿ ಹಿಡಿದರೆ ರೀಸ್ಟಾರ್ಟ್ ಆಗುತ್ತದೆ.

ಸಿನಿಮಾದಲ್ಲಿ ಮಾತು ಪಿಸುಗುಟ್ಟಿದ ಹಾಗೆ, ಫೈಟ್ ಮತ್ತು ಹಾಡು ಬಂದರೆ ಕಿವಿ ಕಿತ್ತುಹೋಗುವ ಹಾಗೆ. ಕೈಯಲ್ಲಿ ರಿಮೋಟ್ ಹಿಡಿದೇ ಕೂರಬೇಕು. — ಓದುಗರೊಬ್ಬರು, ಧಾರವಾಡ

ಐದು ಸ್ಪೀಕರ್, ಒಂದು ವೂಫರ್ ಇರುವವರಿಗೆ ಎಂದು ಮಾಡಿದ 5.1 ಸೌಂಡನ್ನು ನಿಮ್ಮ ಟಿವಿ ತನ್ನ ಎರಡು ಪುಟ್ಟ ಸ್ಪೀಕರಿನಲ್ಲಿ ಹೊರಡಿಸಲು ಒದ್ದಾಡುತ್ತಿದೆ. 5.1ರಲ್ಲಿ ಮಾತು ಬರುವುದು ಹೆಚ್ಚಾಗಿ ನಡುವಿನ ಸ್ಪೀಕರಿನಿಂದ, ಅದೇ ನಿಮ್ಮಲ್ಲಿ ಇಲ್ಲ. ಸ್ಟಿಕ್‌ನ ಆಡಿಯೊ ಸೆಟ್ಟಿಂಗಿನಲ್ಲಿ ಸರೌಂಡ್ ಸೌಂಡ್ ಎಂದಿರುವ ಕಡೆ ಡಾಲ್ಬಿ ಬಿಟ್ಟು ಪಿಸಿಎಂ ಅಥವಾ ಸ್ಟೀರಿಯೊ ಆರಿಸಿ. ಸಿನಿಮಾ ಪ್ಲೇ ಆಗುವಾಗ ಆಪ್‌ನ ಒಳಗೂ ಆಡಿಯೊ ಪಟ್ಟಿ ತೆರೆದು ನೋಡಿ, ಎಷ್ಟೋ ಸಲ ಕನ್ನಡ 5.1 ಮತ್ತು ಬರೀ ಕನ್ನಡ ಎಂದು ಎರಡು ಇರುತ್ತವೆ. ಎರಡನೆಯದನ್ನು ಹಾಕಿ. ಟಿವಿಯಲ್ಲಿ ನೈಟ್ ಮೋಡ್ ಅಥವಾ ಕ್ಲಿಯರ್ ವಾಯ್ಸ್ ಥರದ್ದು ಇದ್ದರೆ ಅದೂ ಆನ್ ಇರಲಿ.

ನಾನು ಬೆಂಗಳೂರಿನಲ್ಲಿದ್ದೇನೆ, ಅಪ್ಪ ಅಮ್ಮ ಶಿವಮೊಗ್ಗದಲ್ಲಿ. ಕೇಬಲ್ ತೆಗೆಸಿ ಸ್ಟಿಕ್ ಹಾಕಿಕೊಟ್ಟೆ. ಈಗ ದಿನಾ ಫೋನ್: ‘ಟಿವಿಯಲ್ಲಿ ನೋ ಸಿಗ್ನಲ್ ಅಂತ ಬರ್ತಿದೆ ಕಣೋ.’ ಏನು ಮಾಡಲಿ? — ಓದುಗರೊಬ್ಬರು, ಬೆಂಗಳೂರು

ಈ ಪತ್ರ ನನಗೆ ಎಲ್ಲಕ್ಕಿಂತ ಮುಖ್ಯ ಅನಿಸಿತು. ಮನೆಯಲ್ಲಿ ರಿಮೋಟ್ ಹಿಡಿಯುವವರು ಯಾರೋ ಅವರಿಗೆ ತಕ್ಕ ಹಾಗೆ ಟಿವಿ ಕೂಡಿಸಬೇಕು, ಕೂಡಿಸುವವರಿಗೆ ತಕ್ಕ ಹಾಗೆ ಅಲ್ಲ, ಅಲ್ವಾ?

ಆಗುತ್ತಿರುವುದು ಇಷ್ಟು. ಟಿವಿಗೊಂದು ರಿಮೋಟ್, ಸ್ಟಿಕ್‌ಗೊಂದು ರಿಮೋಟ್. ಟಿವಿ ರಿಮೋಟಿನಲ್ಲಿ ಸೋರ್ಸ್ ಎಂಬ ಬಟನ್ ಪವರ್ ಬಟನ್ನಿನ ಹತ್ತಿರವೇ ಇರುತ್ತದೆ. ಅಮ್ಮನ ಬೆರಳು ಅದರ ಮೇಲೆ ಬಿದ್ದರೆ ಟಿವಿ ಎಚ್‌ಡಿಎಂಐ 1ರಿಂದ ಎವಿಗೆ ಹಾರುತ್ತದೆ, ಪರದೆ ನೀಲಿ ಆಗಿ ‘ನೋ ಸಿಗ್ನಲ್’. ಅಲ್ಲಿಂದ ವಾಪಸ್ ಬರುವ ದಾರಿ ಅವರಿಗೆ ಯಾರೂ ತೋರಿಸಿಲ್ಲ.

ಮುಂದಿನ ಸಲ ಊರಿಗೆ ಹೋದಾಗ ಟಿವಿಯ ಸೆಟ್ಟಿಂಗಿನಲ್ಲಿ ಎಚ್‌ಡಿಎಂಐ ಸಿಇಸಿ ಆನ್ ಮಾಡಿ, ಒಂದರ ರಿಮೋಟಿನಿಂದ ಇನ್ನೊಂದನ್ನೂ ನಡೆಸುವ ಸೌಲಭ್ಯ ಅದು. ಕಂಪನಿಗಳು ಇದಕ್ಕೆ ತಮ್ಮದೇ ಹೆಸರಿಟ್ಟಿವೆ: ಸ್ಯಾಮ್‌ಸಂಗ್‌ನಲ್ಲಿ ಎನಿನೆಟ್ ಪ್ಲಸ್, ಎಲ್‌ಜಿಯಲ್ಲಿ ಸಿಂಪ್‌ಲಿಂಕ್, ಸೋನಿಯಲ್ಲಿ ಬ್ರಾವಿಯಾ ಸಿಂಕ್. ಸ್ಟಿಕ್‌ನ ಡಿಸ್‌ಪ್ಲೇ ಸೆಟ್ಟಿಂಗಿನಲ್ಲೂ ಇದು ಆನ್ ಇರಬೇಕು. ಆಮೇಲೆ ಸ್ಟಿಕ್ ರಿಮೋಟಿನ ಹೋಮ್ ಬಟನ್ ಒತ್ತಿದರೆ ಸಾಕು, ಟಿವಿ ತಾನೇ ಆನ್ ಆಗಿ ಸರಿಯಾದ ಎಚ್‌ಡಿಎಂಐಗೆ ಬಂದು ನಿಲ್ಲುತ್ತದೆ. ಟಿವಿ ರಿಮೋಟನ್ನು ಬೀರುವಿನಲ್ಲಿ ಎತ್ತಿಡಿ. ಅಪ್ಪ ಅಮ್ಮನಿಗೆ ಹೇಳಿಕೊಡಬೇಕಾದ ಮಾತು ಒಂದೇ ಉಳಿಯುತ್ತದೆ: ‘ಏನಾದರೂ ಗಲಿಬಿಲಿ ಆದರೆ ಮನೆ ಚಿತ್ರದ ಬಟನ್ ಒತ್ತಿ.’ ಆ ಬಟನ್ ಮೇಲೆ ಅಮ್ಮನ ಬಿಂದಿ ಅಂಟಿಸಿದರೂ ಆದೀತು, ಕತ್ತಲಲ್ಲಿ ಕೈಗೆ ತಟ್ಟುತ್ತದೆ.

ಅವರು ನೋಡುವ ಮೂರೋ ನಾಲ್ಕೋ ಆಪ್ ಮಾತ್ರ ಮೊದಲ ಸಾಲಿಗೆ ತನ್ನಿ. ಒಟಿಪಿಯಿಂದ ಲಾಗಿನ್ ಆಗುವ ಆಪ್‌ಗಳಿಗೆ ನಿಮ್ಮ ನಂಬರ್ ಬೇಡ, ಅಪ್ಪನ ನಂಬರ್ ಕೊಡಿ. ಇಲ್ಲವಾದರೆ ಮಧ್ಯಾಹ್ನ ಲಾಗೌಟ್ ಆದಾಗ ಒಟಿಪಿ ನಿಮ್ಮ ಮೀಟಿಂಗಿನ ಮಧ್ಯೆ ಬರುತ್ತದೆ, ಅವರು ಸಂಜೆಯ ತನಕ ಕಾಯುತ್ತಾರೆ. ಖರೀದಿಗೆ ಪಿನ್ ಹಾಕುವುದನ್ನು ಮರೆಯಬೇಡಿ, ಬಾಡಿಗೆ ಸಿನಿಮಾ ಮೇಲೆ ಕೈತಪ್ಪಿ ಒತ್ತಿದರೂ ದುಡ್ಡು ಹೋಗಬಾರದು. ಚಂದನ ಬೇಕೆಂದರೆ ಪ್ರಸಾರ ಭಾರತಿಯ ವೇವ್ಸ್ ಆಪ್ ಇದೆ, 2024ರ ನವೆಂಬರಿನಲ್ಲಿ ಬಂದದ್ದು.

ಒಂದು ಎಚ್ಚರಿಕೆಯನ್ನು ಈಗಲೇ ಅವರಿಗೆ ಹೇಳಿಡಿ. ಟಿವಿಯಲ್ಲಿ ಕಾಣುವ ಆಕ್ಟಿವೇಶನ್ ಕೋಡ್ ಫೋನಿನಲ್ಲಿ ಹಾಕಲು ಯಾರಿಗೂ ದುಡ್ಡು ಕೊಡಬೇಕಾಗಿಲ್ಲ. ಗೂಗಲ್‌ನಲ್ಲಿ ಹುಡುಕಿ ಸಿಕ್ಕ ‘ಕಸ್ಟಮರ್ ಕೇರ್’ ನಂಬರಿಗೆ ಫೋನ್ ಮಾಡಿದರೆ ಆ ಕಡೆ ಮೋಸಗಾರರು ಇರಬಹುದು. ದುಡ್ಡು ಹೋದದ್ದು ಗೊತ್ತಾದ ತಕ್ಷಣ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಬೇಕು, ತಡ ಮಾಡಬಾರದು.

ಆರ್‌ಸಿಬಿ ಮ್ಯಾಚ್ ಇದ್ದ ದಿನ ನಮ್ಮಲ್ಲಿ ಬೌಲರ್ ಇನ್ನೂ ಓಡಿ ಬರುತ್ತಿರುತ್ತಾನೆ, ಪಕ್ಕದ ಮನೆಯವರು ಆಗಲೇ ಪಟಾಕಿ ಹಚ್ಚಿರುತ್ತಾರೆ. ಇದನ್ನು ಸರಿ ಮಾಡಬಹುದಾ? — ಓದುಗರೊಬ್ಬರು, ದಾವಣಗೆರೆ

ಪೂರ್ತಿ ಆಗುವುದಿಲ್ಲ. ಪಕ್ಕದವರದ್ದು ಡಿಶ್ ಇರಬೇಕು. ಆ ಉಪಗ್ರಹ ಸುಮಾರು 36,000 ಕಿಲೋಮೀಟರ್ ಮೇಲಿದ್ದರೂ ಸಿಗ್ನಲ್ ಹೋಗಿ ಬರಲು ಕಾಲು ಸೆಕೆಂಡ್ ಸಾಕು. ಸ್ಟ್ರೀಮಿಂಗ್‌ನಲ್ಲಿ ವಿಡಿಯೊವನ್ನು ಕೆಲವು ಸೆಕೆಂಡುಗಳ ತುಂಡು ಮಾಡಿ ಕಳಿಸುತ್ತಾರೆ, ಮಧ್ಯೆ ನಿಲ್ಲಬಾರದೆಂದು ನಿಮ್ಮ ಸ್ಟಿಕ್ ಹಲವು ತುಂಡು ಕೂಡಿಟ್ಟುಕೊಂಡೇ ತೋರಿಸಲು ಶುರು ಮಾಡುತ್ತದೆ. ತಡ ಆಗುವುದು ಅಲ್ಲಿ. ಮಧ್ಯೆ ಪಾಸ್ ಮಾಡಿ ಎದ್ದುಹೋಗಿದ್ದರೆ ಇನ್ನೂ ಹಿಂದೆ ಬಿದ್ದಿರುತ್ತೀರಿ, ‘ಗೋ ಲೈವ್’ ಒತ್ತಿ. ಸ್ಕೋರ್ ಆಪ್‌ನ ನೋಟಿಫಿಕೇಶನ್ ಆಫ್ ಮಾಡಿ ಇಡಿ. ಕ್ರಿಕೆಟ್ಟೇ ಮುಖ್ಯ ಆದರೆ ಡಿಶ್ ತೆಗೆಸಬೇಡಿ.

ಜಾತ್ರೆಯಲ್ಲಿ ಒಂದು ಆಂಡ್ರಾಯ್ಡ್ ಬಾಕ್ಸ್ ಕಂಡೆ, ‘ಜೀವನಪೂರ್ತಿ ಎಲ್ಲಾ ಒಟಿಟಿ ಫ್ರೀ’ ಎನ್ನುತ್ತಾರೆ. ತಗೊಳ್ಳಬಹುದಾ? — ಓದುಗರೊಬ್ಬರು, ಕಲಬುರಗಿ

ಬೇಡವೇ ಬೇಡ. ಮೊದಲನೆಯದು, ಅದರಲ್ಲಿ ಬರುವುದು ಕದ್ದ ಮಾಲು. ಎರಡನೆಯದು, ನೀವು ದುಡ್ಡು ಕೊಟ್ಟು ನೆಟ್‌ಫ್ಲಿಕ್ಸ್ ಹಾಕಿಸಿಕೊಂಡರೂ ಇಂಥ ಬಾಕ್ಸ್‌ಗೆ ಕಂಪನಿಯ ಒಪ್ಪಿಗೆ ಇರುವುದಿಲ್ಲವಾದ್ದರಿಂದ ಎಚ್‌ಡಿ ಸಿಗುವುದಿಲ್ಲ, ದೊಡ್ಡ ಟಿವಿಯಲ್ಲಿ ಮಸುಕು ಮಸುಕಾಗಿ ಕಾಣುತ್ತದೆ. ಮೂರನೆಯದು ಎಲ್ಲಕ್ಕಿಂತ ಕೆಟ್ಟದ್ದು. 2025ರ ಜೂನ್‌ನಲ್ಲಿ ಅಮೆರಿಕದ ಎಫ್‌ಬಿಐ ‘ಬ್ಯಾಡ್‌ಬಾಕ್ಸ್ 2.0’ ಬಗ್ಗೆ ಎಚ್ಚರಿಸಿತು. ಇಂಥ ಅಗ್ಗದ ಬಾಕ್ಸ್‌ಗಳಲ್ಲಿ ಕೆಲವು ಗಿರಾಕಿಯ ಕೈಗೆ ಬರುವ ಮೊದಲೇ ಕೆಟ್ಟ ಸಾಫ್ಟ್‌ವೇರ್ ತುಂಬಿಕೊಂಡಿರುತ್ತವೆ, ಅವುಗಳ ಮೂಲಕ ಬೇರೆಯವರು ನಿಮ್ಮ ಮನೆಯ ನೆಟ್ ಬಳಸಿ ಅಪರಾಧ ಮಾಡುತ್ತಾರೆ. ನಿಮ್ಮ ಬ್ಯಾಂಕ್ ಆಪ್ ಇರುವ ಫೋನೂ ಅದೇ ವೈಫೈಯಲ್ಲಿ ಇರುತ್ತದೆ. ಈಗಾಗಲೇ ಮನೆಯಲ್ಲಿ ಅಂಥದ್ದು ಇದ್ದರೆ ಇವತ್ತೇ ಪ್ಲಗ್ ಕೀಳಿ.

ಹೊಸ ದೊಡ್ಡ ಟಿವಿಯಲ್ಲಿ ಸಿನಿಮಾ ಯಾಕೋ ಸೀರಿಯಲ್ ಥರ ಕಾಣುತ್ತದೆ. — ಓದುಗರೊಬ್ಬರು, ಉಡುಪಿ

ಸಿನಿಮಾದಲ್ಲಿ ಸೆಕೆಂಡಿಗೆ 24 ಚಿತ್ರ. ಟಿವಿ ಮಧ್ಯೆ ಮಧ್ಯೆ ತಾನೇ ಚಿತ್ರ ಹುಟ್ಟಿಸಿ ಸೇರಿಸುತ್ತಿದೆ, ಅದಕ್ಕೆ ಆ ನಯ. ಟಿವಿಯ ಪಿಕ್ಚರ್ ಸೆಟ್ಟಿಂಗಿನಲ್ಲಿ ಹೆಸರಿನಲ್ಲಿ ಮೋಶನ್ ಎಂದಿರುವುದನ್ನು ಆಫ್ ಮಾಡಿ, ಫಿಲ್ಮ್‌ಮೇಕರ್ ಮೋಡ್ ಇದ್ದರೆ ಅದನ್ನೇ ಹಾಕಿ. ಸ್ಟಿಕ್‌ನ ಡಿಸ್‌ಪ್ಲೇಯಲ್ಲಿ ‘ಮ್ಯಾಚ್ ಒರಿಜಿನಲ್ ಫ್ರೇಮ್ ರೇಟ್’ ಆನ್ ಇರಲಿ. ಸಿನಿಮಾ ಶುರುವಾಗುವಾಗ ಪರದೆ ಒಂದು ಕ್ಷಣ ಕಪ್ಪಾಗುತ್ತದೆ, ಗಾಬರಿ ಬೇಡ.

ಮಗಳು ನ್ಯೂಜೆರ್ಸಿಯಿಂದ ಬರುವಾಗ ಅಲ್ಲಿಯದೇ ಫೈರ್ ಟಿವಿ ಸ್ಟಿಕ್ ತರುತ್ತೇನೆ ಎನ್ನುತ್ತಾಳೆ. ಇಲ್ಲಿ ನಡೆಯುತ್ತದಾ? — ಓದುಗರೊಬ್ಬರು, ಮೈಸೂರು

ನಡೆಯುತ್ತದೆ. ಅಡಾಪ್ಟರ್ ಮೇಲೆ 100–240 ವೋಲ್ಟ್ ಎಂದಿದೆಯಾ ನೋಡಿಕೊಳ್ಳಿ, ಇದ್ದರೆ ಚಪ್ಪಟೆ ಪಿನ್ನಿಗೆ ಒಂದು ಕನ್ವರ್ಟರ್ ಸಾಕು. ಆದರೆ ಮಗಳ ಅಮೆರಿಕದ ಖಾತೆಯಿಂದ ಲಾಗಿನ್ ಮಾಡಬೇಡಿ. ಖಾತೆ ಯಾವ ದೇಶದ್ದೋ ಆ ದೇಶದ ಆಪ್‌ಗಳೇ ಸಿಗುತ್ತವೆ, ನೀವು ಇಲ್ಲಿ ದಿನಾ ನೋಡುವ ಆಪ್ ಪಟ್ಟಿಯಲ್ಲಿ ಇಲ್ಲದೆ ಹೋಗಬಹುದು. ನಿಮ್ಮ ಇಲ್ಲಿನ ಖಾತೆಯಿಂದಲೇ ಶುರು ಮಾಡಿ. ಅವಳು ಇನ್ನೂ ಕೊಂಡಿಲ್ಲ ಅಂದರೆ ಇಲ್ಲೇ ಕೊಳ್ಳಿ, ಕೆಟ್ಟರೆ ವಾರಂಟಿಗೆ ಇಲ್ಲಿಯೇ ಕೇಳಬಹುದು.