ವಿದೇಶದ ಅಂಗಡಿ, ಮನೆಯ ಅಳತೆ

ಪ್ರಶ್ನೆ: ಅಮೆರಿಕದಲ್ಲಿರುವ ಮಗಳ ಮನೆಗೆ ನಾವಿಬ್ಬರೂ ಹೋಗಲಿದ್ದೇವೆ. ಬರುವಾಗ ಮಿಕ್ಸರ್, ಇಸ್ತ್ರಿ ಪೆಟ್ಟಿಗೆ, ಹೇರ್ ಡ್ರೈಯರ್ ಹಾಗೂ ಮಂಚದ ಹಾಸುಗಳನ್ನು ತರಬೇಕೆಂದಿದ್ದೇವೆ. ನಮ್ಮ ಮನೆಯಲ್ಲಿರುವುದು 230 ವೋಲ್ಟಿನ ವಿದ್ಯುತ್. ಪ್ಲಗ್ಗಿಗೆ ಒಂದು ಅಡಾಪ್ಟರ್ ಹಾಕಿಕೊಂಡರೆ ಸಾಕೆಂದು ಪರಿಚಯದವರು ಹೇಳುತ್ತಾರೆ. ಇದು ಸರಿಯೇ?
— ಒಬ್ಬ ಓದುಗರು

ಉತ್ತರ: ಸರಿಯಲ್ಲ. ದಯವಿಟ್ಟು ಆ ಮಾತನ್ನು ನಂಬಿ ಹಣ ಹಾಕಬೇಡಿ. ಅಡಾಪ್ಟರ್ ಪ್ಲಗ್ಗಿನ ಆಕಾರವನ್ನು ಗೋಡೆಯ ಸಾಕೆಟ್ಟಿಗೆ ಹೊಂದಿಸುತ್ತದೆಯೇ ಹೊರತು ವೋಲ್ಟೇಜನ್ನು ಇಳಿಸುವುದಿಲ್ಲ. ಅಮೆರಿಕದ ಮನೆಗಳ ಸಾಮಾನ್ಯ ಸಾಕೆಟ್ಟಿನಲ್ಲಿ ಬರುವುದು 120 ವೋಲ್ಟ್, 60 ಹರ್ಟ್ಸ್ (ಹರ್ಟ್ಸ್ ಎಂದರೆ ವಿದ್ಯುತ್ತಿನ ಅಲೆ ಸೆಕೆಂಡಿಗೆ ಎಷ್ಟು ಬಾರಿ ಮರುಕಳಿಸುತ್ತದೆ ಎಂಬ ಲೆಕ್ಕ). ಅಲ್ಲಿಗೆಂದೇ ತಯಾರಾದ 1200 ವ್ಯಾಟಿನ ಇಸ್ತ್ರಿ ಪೆಟ್ಟಿಗೆಯನ್ನು 230 ವೋಲ್ಟಿಗೆ ಹಚ್ಚಿದರೆ ವಿದ್ಯುತ್ತಿನ ಒತ್ತಡ ಸುಮಾರು ಎರಡು ಪಟ್ಟಾಗುತ್ತದೆ. ಶಾಖವಾದರೋ ಒತ್ತಡದ ವರ್ಗಕ್ಕೆ ಅನುಗುಣವಾಗಿ ಏರುವುದರಿಂದ ಅದು ಮೂರೂವರೆ ಪಟ್ಟನ್ನೂ ಮೀರಿ, 4000 ವ್ಯಾಟಿಗಿಂತ ಹೆಚ್ಚಾಗುತ್ತದೆ. ಅಷ್ಟನ್ನು ತಡೆದುಕೊಳ್ಳುವ ಶಕ್ತಿ ಅದರ ಒಳಗಿನ ತಂತಿಗಾಗಲಿ ಹೊರಗಿನ ವೈರಿಗಾಗಲಿ ಇರುವುದಿಲ್ಲ. ಉಪಕರಣ ಕೆಡುವುದು ಹಾಗಿರಲಿ, ಬೆಂಕಿ ಹೊತ್ತಿಕೊಳ್ಳುವ ಅಪಾಯವೂ ಇದೆ.

ಕೊಳ್ಳುವ ಮೊದಲು ಉಪಕರಣವನ್ನು ತಿರುಗಿಸಿ, ಅದರ ತಳದಲ್ಲೋ ಹಿಂಬದಿಯಲ್ಲೋ ಅಂಟಿಸಿರುವ ಚಿಕ್ಕ ಪಟ್ಟಿಯನ್ನು ಓದಿ. ‘ಇನ್‌ಪುಟ್ 100–240 ವೋಲ್ಟ್, 50/60 ಹರ್ಟ್ಸ್’ ಎಂದಿದ್ದರೆ ಅದು ಎರಡೂ ಕಡೆ ನಡೆಯುತ್ತದೆ. ಅಂಥದ್ದಕ್ಕೆ ಅಡಾಪ್ಟರ್ ಮಾತ್ರ ಸಾಕು. ಲ್ಯಾಪ್‌ಟಾಪ್ ಮತ್ತು ಮೊಬೈಲ್ ಚಾರ್ಜರುಗಳು ಬಹುಮಟ್ಟಿಗೆ ಹೀಗೇ ಇರುತ್ತವೆ. ಪ್ರಯಾಣಕ್ಕೆಂದು ಮಾಡಿದ ಕೆಲವು ಹೇರ್ ಡ್ರೈಯರುಗಳಲ್ಲಿ ವೋಲ್ಟೇಜನ್ನು ಬದಲಿಸುವ ಪುಟ್ಟ ಗುಂಡಿಯಿರುತ್ತದೆ. ಪಟ್ಟಿಯಲ್ಲಿ 120 ವೋಲ್ಟ್ ಎಂದಷ್ಟೇ ಇದ್ದರೆ ಅದನ್ನು ಅಲ್ಲಿಯೇ ಬಿಟ್ಟು ಬನ್ನಿ. ವೋಲ್ಟೇಜ್ ಇಳಿಸುವ ಟ್ರಾನ್ಸ್‌ಫಾರ್ಮರ್ ದೊರೆಯುತ್ತದೆ, ನಿಜ; ಆದರೆ ಸಾವಿರಾರು ವ್ಯಾಟಿನ ಉಪಕರಣಕ್ಕೆ ತಕ್ಕ ಟ್ರಾನ್ಸ್‌ಫಾರ್ಮರ್ ಬಲು ಭಾರದ್ದು, ದುಬಾರಿಯದು, ಮೇಲಾಗಿ ಅದು ಹರ್ಟ್ಸನ್ನು ಬದಲಿಸುವುದಿಲ್ಲ. ಒಂದು ಮಿಕ್ಸರಿಗಾಗಿ ಇಷ್ಟೆಲ್ಲ ಹೊರುವುದು ನನ್ನ ದೃಷ್ಟಿಯಲ್ಲಿ ಸಲ್ಲದ ಖರ್ಚು. ಅದರ ಬದಲು ಪ್ಲಗ್ ಬೇಡದ ವಸ್ತುಗಳ ಕಡೆಗೆ ಗಮನ ಕೊಡಿ: ಒಳ್ಳೆಯ ಚಾಕು, ಗಾಳಿಯಾಡದ ಡಬ್ಬಿ, ದಪ್ಪ ತಳದ ಪಾತ್ರೆ. ಮನೆಯಲ್ಲಿ ಇಂಡಕ್ಷನ್ ಒಲೆ ಇದ್ದರೆ ಪುಟ್ಟ ಅಯಸ್ಕಾಂತವೊಂದನ್ನು ಜೇಬಿನಲ್ಲಿಟ್ಟುಕೊಂಡು ಹೋಗಿ, ಪಾತ್ರೆಯ ತಳಕ್ಕೆ ಹಿಡಿದು ನೋಡಿ. ಗಟ್ಟಿಯಾಗಿ ಅಂಟದಿದ್ದರೆ ಆ ಪಾತ್ರೆ ನಿಮ್ಮ ಒಲೆಯ ಮೇಲೆ ಕಾಯುವುದಿಲ್ಲ. ಹಿಂತಿರುಗುವಾಗ ಚಾಕುಗಳು ಚೆಕ್-ಇನ್ ಪೆಟ್ಟಿಗೆಯಲ್ಲಿಯೂ ಪವರ್ ಬ್ಯಾಂಕ್ ಕೈಚೀಲದಲ್ಲಿಯೂ ಇರಬೇಕು.

ಹಾಸುಗಳನ್ನು ಕೊಳ್ಳುವಾಗ ‘ಕಿಂಗ್’, ‘ಕ್ವೀನ್’ ಎಂಬ ಹೆಸರುಗಳನ್ನು ನೆಚ್ಚಿಕೊಳ್ಳಬೇಡಿ. ಅಮೆರಿಕದ ಕಿಂಗ್ ಹಾಸಿಗೆ 76 ಅಂಗುಲ ಅಗಲ, 80 ಅಂಗುಲ ಉದ್ದ. ಬ್ರಿಟನ್ನಿನ ಕಿಂಗ್ ಹಾಸಿಗೆಯ ಅಗಲ 60 ಅಂಗುಲ ಮಾತ್ರ. ನಿಮ್ಮ ಹಾಸಿಗೆಯ ಉದ್ದ, ಅಗಲಗಳ ಜೊತೆಗೆ ದಪ್ಪವನ್ನೂ ಅಳೆದು ಬರೆದುಕೊಂಡು ಹೋಗಿ. ಮೂಲೆಗೆ ಎಲಾಸ್ಟಿಕ್ ಇರುವ ಹಾಸು ಕೂರುವುದೂ ಕಿತ್ತುಕೊಳ್ಳುವುದೂ ಆ ದಪ್ಪದ ಮೇಲೆಯೇ.

ಪ್ರಶ್ನೆ: ಫ್ರಾನ್ಸಿನ ಪ್ರವಾಸದಲ್ಲಿ ಮನೆಯವರಿಗೆಲ್ಲ ಬಟ್ಟೆ ಕೊಳ್ಳುವ ಯೋಚನೆಯಿದೆ. ಜೊತೆಗೆ ಬಾರದವರ ಅಳತೆಯನ್ನು ತಿಳಿಯುವುದು ಹೇಗೆ? ತೆರಿಗೆಯ ಹಣ ವಾಪಸು ಸಿಗುತ್ತದೆಯಂತೆ, ಹೌದೇ?
— ಇನ್ನೊಬ್ಬ ಓದುಗರು

ಉತ್ತರ: ಸೈಜಿನ ಅಂಕಿ ದೇಶದಿಂದ ದೇಶಕ್ಕೆ ಬದಲಾಗುತ್ತದೆ. ಹೆಂಗಸರ ಉಡುಪಿನಲ್ಲಿ ಬ್ರಿಟನ್ನಿನ 12, ಅಮೆರಿಕದ 8 ಮತ್ತು ಫ್ರಾನ್ಸಿನ 40 ಸುಮಾರಾಗಿ ಒಂದೇ ಅಳತೆಯವು. ಅದರಲ್ಲಿಯೂ ಕಂಪನಿಯಿಂದ ಕಂಪನಿಗೆ ವ್ಯತ್ಯಾಸವಿರುತ್ತದೆ. ಆದ್ದರಿಂದ ಮನೆಯವರಿಗೆ ಚೆನ್ನಾಗಿ ಒಪ್ಪುವ ಒಂದೊಂದು ಉಡುಪನ್ನು ಮೇಜಿನ ಮೇಲೆ ಸುಕ್ಕಿಲ್ಲದಂತೆ ಹರಡಿ, ಒಂದು ಕಂಕುಳಿನಿಂದ ಇನ್ನೊಂದು ಕಂಕುಳಿನವರೆಗಿನ ಅಗಲ, ಹೆಗಲಿನಿಂದ ಅಂಚಿನವರೆಗಿನ ಉದ್ದ ಮತ್ತು ತೋಳಿನ ಉದ್ದವನ್ನು ಸೆಂಟಿಮೀಟರಿನಲ್ಲಿ ಗುರುತು ಮಾಡಿಕೊಳ್ಳಿ. ಅಂಗಡಿಯಲ್ಲಿ ಅಳತೆ ಟೇಪನ್ನು ಹೊರತೆಗೆಯಲು ಸಂಕೋಚಪಡಬೇಕಾಗಿಲ್ಲ.

ಬಟ್ಟೆಯ ಒಳಗಿನ ಪಟ್ಟಿಯನ್ನೂ ನೋಡಿ. ಐರೋಪ್ಯ ಒಕ್ಕೂಟದಲ್ಲಿ ಬಟ್ಟೆಯ ನೂಲು ಯಾವುದು, ಎಷ್ಟು ಶೇಕಡಾ ಎಂಬುದನ್ನು ನಮೂದಿಸುವುದು ಕಡ್ಡಾಯ. ನೀರಿನ ತೊಟ್ಟಿಯ ಚಿತ್ರಕ್ಕೆ ಅಡ್ಡಗೀಟು ಹಾಕಿದ್ದರೆ ಒಗೆಯಬಾರದು; ತೊಟ್ಟಿಯಲ್ಲಿ ಕೈ ಇದ್ದರೆ ಯಂತ್ರಕ್ಕೆ ಹಾಕದೆ ಕೈಯಲ್ಲಿಯೇ ಒಗೆಯಬೇಕು; ವೃತ್ತದೊಳಗೆ ‘ಪಿ’ ಅಕ್ಷರವಿದ್ದರೆ ಡ್ರೈ ಕ್ಲೀನಿಂಗಿಗೆ ಕೊಡಬಹುದು. ದಿನನಿತ್ಯ ಉಡಲೆಂದು ಕೊಳ್ಳುವ ಬಟ್ಟೆಯನ್ನು ಮನೆಯಲ್ಲಿ ಒಗೆಯಲು ಬಾರದಿದ್ದರೆ ಅದು ಕಪಾಟಿನಲ್ಲಿಯೇ ಉಳಿಯುತ್ತದೆ.

ತೆರಿಗೆಯ ವಿಷಯ. ಫ್ರಾನ್ಸಿನಲ್ಲಿ ಬಟ್ಟೆಯ ಬೆಲೆಯೊಳಗೇ ಶೇ. 20ರಷ್ಟು ವ್ಯಾಟ್, ಅಂದರೆ ಮೌಲ್ಯವರ್ಧಿತ ತೆರಿಗೆ, ಸೇರಿರುತ್ತದೆ. ಐರೋಪ್ಯ ಒಕ್ಕೂಟದ ಹೊರಗೆ ವಾಸಿಸುವ ಪ್ರವಾಸಿಯ ಖರೀದಿ ಒಂದೇ ಅಂಗಡಿಯಲ್ಲಿ 100 ಯೂರೋ ಮೀರಿದರೆ, ವ್ಯಾಟ್ ವಾಪಸಾತಿಗೆ ಒಪ್ಪುವ ಅಂಗಡಿಯವರು ಪಾಸ್‌ಪೋರ್ಟ್ ನೋಡಿ ಅದಕ್ಕೆ ಬೇಕಾದ ನಮೂನೆಯನ್ನು ಕೊಡುತ್ತಾರೆ. ಪೆಟ್ಟಿಗೆಯನ್ನು ವಿಮಾನ ಕಂಪನಿಗೆ ಒಪ್ಪಿಸುವ ಮೊದಲೇ ನಿಲ್ದಾಣದಲ್ಲಿ ಈ ನಮೂನೆಗಳಿಗೆಂದೇ ಇಟ್ಟಿರುವ ‘ಪ್ಯಾಬ್ಲೋ’ ಎಂಬ ಯಂತ್ರದಲ್ಲಿ ಆ ನಮೂನೆಯ ಬಾರ್‌ಕೋಡನ್ನು ತೋರಿಸಿ ದೃಢೀಕರಿಸಿಕೊಳ್ಳಬೇಕು. ಸುಂಕದ ಅಧಿಕಾರಿಗಳು ವಸ್ತುವನ್ನು ನೋಡಬೇಕೆಂದರೆ ಅದು ಕೈಗೆ ಸಿಗುವಂತಿರಬೇಕು. ವಾಪಸಾತಿಯನ್ನು ನಡೆಸಿಕೊಡುವ ನಡುವಿನ ಸಂಸ್ಥೆ ತನ್ನ ಶುಲ್ಕ ಹಿಡಿದುಕೊಳ್ಳುವುದರಿಂದ ತೆರಿಗೆಯ ಪೂರ್ತಿ ಮೊತ್ತ ಕೈಸೇರುವುದಿಲ್ಲ. ಕಾರ್ಡ್ ಯಂತ್ರ ‘ನಿಮ್ಮ ದೇಶದ ಹಣವೋ, ಯೂರೋವೋ’ ಎಂದು ಕೇಳಿದರೆ ಯೂರೋವನ್ನೇ ಆರಿಸಿ. ಇನ್ನೊಂದನ್ನು ಆರಿಸಿದರೆ ಸಾಮಾನ್ಯವಾಗಿ ವಿನಿಮಯ ದರ ದುಬಾರಿಯಾಗುತ್ತದೆ. ರಸೀದಿಗಳನ್ನು ಪೆಟ್ಟಿಗೆಯಲ್ಲಿ ತುಂಬದೆ ಕೈಚೀಲದಲ್ಲಿಯೇ ಇಟ್ಟುಕೊಳ್ಳಿ. ನಿಮ್ಮ ದೇಶದ ಸುಂಕದ ಕಟ್ಟೆಯಲ್ಲಿ ಬೆಲೆಗೆ ಪುರಾವೆ ಕೇಳಿದರೆ ಅವೇ ಬೇಕಾಗುತ್ತವೆ.